ನಾನು ಸಭ್ಯನೆಂದು ಪೊಲೀಸರು ಬರೆದುಕೊಟ್ಟದ್ದು

ನಾನು ಸಾಧು ಮನುಷ್ಯ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದದ್ದು ಬೇಸರದ ಸಂಗತಿಯೇ. ಆದರೆ ಬೇರೆ ಯಾರೂ ಹೇಳದಿದ್ದರೆ ಎಂತ ಮಾಡುವುದು? ಒಮಾನಿನಲ್ಲಿ ಹನ್ನೆರಡು ವರ್ಷ ಡ್ರಾಫ್ಟ್ಸ್‌ಮನ್ ಆಗಿ ಗೆರೆ ಎಳೆದವನು. ಆಫೀಸಿನ ಒಂದು ಪೆನ್ಸಿಲ್ ತುಂಡನ್ನೂ ಮನೆಗೆ ತಂದವನಲ್ಲ. ಒಮ್ಮೆ ಒಂದು ರಬ್ಬರ್ ತಪ್ಪಿ ಕಿಸೆಯಲ್ಲಿ ಬಂದಿತ್ತು, ಮರುದಿನವೇ ಒಯ್ದು ಇಟ್ಟೆ. ಇಂಥವನಿಗೆ 'ಈತನ ಮೇಲೆ ಯಾವ ಅಪರಾಧವೂ ಇಲ್ಲ' ಎಂದು ಪೊಲೀಸರಿಂದ ಒಂದು ಕಾಗದ ಬರೆಸಿಕೊಳ್ಳುವುದು ಎಷ್ಟು ಹೊತ್ತಿನ ಕೆಲಸ? ಅರ್ಧ ಗಂಟೆ. ಸಾಹೇಬರು ಚಹಾ ಕುಡಿಯುತ್ತಿದ್ದರೆ ಮುಕ್ಕಾಲು ಗಂಟೆ!

ಆ ಕಾಗದ ಬೇಕಾದದ್ದು ಅಮೆರಿಕಕ್ಕೆ. ತೊಂಬತ್ತರ ದಶಕದ ಆರಂಭ. ನಮ್ಮ ಕಂಪನಿಯವರು ಡ್ರಾಯಿಂಗ್ ವಿಭಾಗವನ್ನೇ ಮುಚ್ಚುವುದಾಗಿ ಹೇಳಿ, ಎರಡು ತಿಂಗಳ ನೋಟಿಸ್ ಕೈಗೆ ಕೊಟ್ಟಿದ್ದರು. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಅಲ್ ಹೈಲ್‌ನ ನಮ್ಮ ಫ್ಲಾಟೂ ಹೋಯಿತು. ಅಷ್ಟರಲ್ಲಿ ನನ್ನ ಹೆಂಡತಿ ವಸಂತಿಯ ಅಣ್ಣ, ಅಂದರೆ ನನ್ನ ಸುಧಾಕರ ಭಾವ, ಫೋನ್ ಮಾಡಿದರು. ಅವರು ಅಮೆರಿಕದ ಒಂದು ಸಣ್ಣ ಊರಿನಲ್ಲಿದ್ದರು. ತಮ್ಮ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ ಖಾಲಿ ಉಂಟು, ನಿಮ್ಮ ಹೆಸರು ಹೇಳಿದ್ದೇನೆ, ಮುಂದಿನ ತಿಂಗಳ ಕೊನೆಯೊಳಗೆ ಪೊಲೀಸ್ ಸರ್ಟಿಫಿಕೇಟ್ ಮುಟ್ಟಿದರೆ ಆಯಿತು ಅಂದರು.

ಇಷ್ಟೇ ಹೇಳಿ ಫೋನ್ ಇಟ್ಟಿದ್ದರೆ ಚೆನ್ನಾಗಿತ್ತು. ಊರಿನ ಪರಿಚಯ ಆಗಲಿ ಎಂದು ಅಲ್ಲಿಯ ಪೇಪರಿನ ಒಂದು ಕಟ್ಟನ್ನೂ ಪೋಸ್ಟಿನಲ್ಲಿ ಕಳಿಸಿದರು! ಅದರಲ್ಲಿ ವಾರಕ್ಕೊಮ್ಮೆ ಒಂದು ಪುಟ ಇಡೀ ಪೊಲೀಸ್ ಸುದ್ದಿ. ವಸಂತಿ ಡಿಕ್ಷನರಿ ಪಕ್ಕದಲ್ಲಿ ಇಟ್ಟುಕೊಂಡು ಆ ಪುಟವನ್ನೇ ಓದಲು ಕೂತಳು.

"ಕೇಳಿ ಇಲ್ಲಿ. ಪೆಟ್ರೋಲ್ ಪಂಪಿನಲ್ಲಿ ಪಿಸ್ತೂಲ್ ತೋರಿಸಿ ದರೋಡೆ. ನಿಲ್ಲಿಸಿದ ಕಾರಿನ ಗಾಜು ಒಡೆದು ರೇಡಿಯೊ ಕಳವು. ಹಿತ್ತಿಲಿನಿಂದ ಹುಲ್ಲು ಕತ್ತರಿಸುವ ಮಿಷನ್ ಮಾಯ. ಎಂತ ಊರು ಮಾರಾಯ್ರೇ ಇದು?"

"ಸಣ್ಣ ಊರಲ್ವಾ, ಬರೆಯಲಿಕ್ಕೆ ಬೇರೆ ಸುದ್ದಿ ಇಲ್ಲ ಪಾಪ" ಅಂದೆ.

ಅವಳು ಬಿಡಲಿಲ್ಲ. ಮೂರನೇ ಕ್ಲಾಸಿನಲ್ಲಿದ್ದ ಮಗಳು ಸ್ಮಿತಾಳ ಹಳೆಯ ನೋಟುಪುಸ್ತಕ ತೆಗೆದುಕೊಂಡು, ಎಡಪುಟದ ಮೇಲೆ ಅಣ್ಣನ ಊರಿನ ಹೆಸರು, ಬಲಪುಟದ ಮೇಲೆ 'ಅಲ್ ಹೈಲ್' ಎಂದು ಬರೆದಳು. ಎಡಪುಟ ಎರಡು ದಿನದಲ್ಲಿ ತುಂಬಿತು. ಬಲಪುಟದಲ್ಲಿ ಬರೆಯಲು ಎಂತದೂ ಸಿಗಲಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಹಗಲು ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ. ಎದುರು ಮನೆಯ ಮೈಸೂರಿನ ಮೂರ್ತಿಯವರು ರಜೆಗೆ ಊರಿಗೆ ಹೋದಾಗ ಕಾರಿನ ಬೀಗದ ಕೈಯನ್ನು ಕಾರಿನಲ್ಲೇ ಬಿಟ್ಟು ಹೋಗಿದ್ದರು. ಬಂದು ನೋಡಿದರೆ ಕಾರೂ ಇತ್ತು, ಕೀಯೂ ಇತ್ತು.

"ಮೂರು ವಾರ ಆಯ್ತು, ಬಲಪುಟ ಖಾಲಿ" ಎಂದಳು ವಸಂತಿ, ನನ್ನ ಮುಖ ನೋಡುತ್ತಾ.

"ಸುರಕ್ಷತೆ ಎಂಬುದು ಊರಿನಲ್ಲಿಲ್ಲ, ನಮ್ಮ ನಡತೆಯಲ್ಲಿದೆ" ಎಂದು ನಾನು ಭಾಷಣ ಮಾಡಿದೆ. ಈ ಮಾತನ್ನು ಆಮೇಲೆ ಮನೆಯವರು ಎಷ್ಟು ಸಲ ನನಗೇ ತಿರುಗಿ ಹೇಳಿದ್ದಾರೆಂದರೆ, ಕೇಳಿ ಕೇಳಿ ಸುಸ್ತಾಗಿದ್ದೇನೆ.

ಅರ್ಧ ಗಂಟೆಯ ಕೆಲಸ ಅಲ್ಲವೇ, ಅವಸರ ಯಾಕೆ ಎಂದು ಗಡುವಿನ ತಿಂಗಳ ಕೊನೆಯ ವಾರದವರೆಗೆ ತಳ್ಳಿಕೊಂಡು ಬಂದೆ. ಕೊನೆಗೆ ಒಂದು ಮಂಗಳವಾರ ಮದುವೆಯ ಕೋಟು ಹಾಕಿಕೊಂಡು ಹೊರಟೆ. ಹಿಂದಿನ ದಿನ ದೂಳುಗಾಳಿ ಎದ್ದು ನನ್ನ ಬಿಳಿ ಕಾರು ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತ್ತು. ನಾನು ಗಮನಿಸಲಿಲ್ಲ. ವಾರವಾರ "ಕಾರು ತೊಳೀರಿ, ಕಾರು ತೊಳೀರಿ" ಎಂದು ಜೀವ ತಿನ್ನುವ ವಸಂತಿ ಅಂದು ಬಾಲ್ಕನಿಯಲ್ಲಿ ನಿಂತು ನಗುನಗುತ್ತಾ ಕೈಬೀಸಿದಳು. ಹೆಂಡತಿ ಹೀಗೆ ನಕ್ಕು ಕಳಿಸಿದ ಮೇಲೆ ಕೆಲಸ ಆಗದೆ ಇರುತ್ತದೆಯೇ!

ಮೊದಲ ರೌಂಡಬೌಟಿನಲ್ಲೇ ಪೊಲೀಸ್ ಕೈ ಅಡ್ಡ ಹಿಡಿದ. ಚಿಕ್ಕ ಪ್ರಾಯದವನು, ಬಹಳ ಮರ್ಯಾದಸ್ಥ. ಸಲಾಂ ಹೇಳಿ, ನನ್ನ ಬಾನೆಟ್ಟಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದ. ಅಷ್ಟು ನೀಟಾದ ಗೆರೆಯನ್ನು ನಾನು ಹನ್ನೆರಡು ವರ್ಷದಲ್ಲಿ ಎಳೆದಿರಲಿಲ್ಲ.

"ಸದೀಕ್, ಗಾಡಿ ಬಹುತ್ ಗಂದಾ" ಅಂದ, ಗೆಳೆಯನಿಗೆ ಹೇಳುವಂತೆ.

ಈ ದೇಶದಲ್ಲಿ ಕಾರು ಗಲೀಜಾಗಿದ್ದರೆ ದಂಡ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದು ಗಲೀಜು ಮನುಷ್ಯರಿಗೆ ಎಂದುಕೊಂಡಿದ್ದೆ. "ನಾನು ಸನ್ನಡತೆಯ ಸರ್ಟಿಫಿಕೇಟಿಗೆ ಹೋಗುತ್ತಿದ್ದೇನೆ" ಎಂದು ಹಿಂದಿಯಲ್ಲಿ ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಮಬ್ರೂಕ್" ಎಂದು ಅಭಿನಂದಿಸಿ ಚೀಟಿ ಹರಿದು ಕೊಟ್ಟ!

ಪೊಲೀಸ್ ಠಾಣೆಯ ಕ್ಲಾರ್ಕು ನನ್ನ ಅರ್ಜಿಯನ್ನೂ ಕೋಟನ್ನೂ ನೋಡಿ ಬಾಕಿ ದಂಡ ಉಂಟಾ ಎಂದು ಕೇಳಿದ. ಉಂಟು, ಹುಟ್ಟಿ ಅರ್ಧ ಗಂಟೆ ಆಗಿದೆ ಅಂದೆ. ಅದನ್ನು ಕಟ್ಟಿ ಬಾ ಅಂದ. ಕಟ್ಟುವ ಕೌಂಟರಿಗೆ ಓಡುವಷ್ಟರಲ್ಲಿ ಬಾಗಿಲು ಹಾಕಿತ್ತು. ಮನೆಗೆ ಬಂದು ಹೇಳಿದ್ದೇ ತಡ, ಬಲಪುಟದಲ್ಲಿ ಮೊದಲನೆಯ ಸಾಲು ಬಿತ್ತು: 'ಗಲೀಜು ಕಾರು. ಆರೋಪಿ: ಡ್ಯಾಡಿ.' ಸ್ಮಿತಾ ಬಂದು ಗಂಭೀರವಾಗಿ ಕೇಳಿದಳು: "ಡ್ಯಾಡಿ, ಆರ್ ಯೂ ಎ ಕ್ರಿಮಿನಲ್ ನೌ?"

ಬುಧವಾರ ಬೆಳಿಗ್ಗೆ ಪಾಠ ಕಲಿತವನಂತೆ ಎದ್ದೆ. ಮರುದಿನದಿಂದ ಗುರುವಾರ, ಶುಕ್ರವಾರ ಸರಕಾರಿ ರಜೆ. ಬೇಗ ಕಾರು ತೊಳೆದು ದಂಡ ಕಟ್ಟಿ ಠಾಣೆಗೆ ಮುಟ್ಟಬೇಕು. ಸಮಯ ಉಳಿಯಲಿ ಎಂದು ಕೋಟು ಹಾಕಿಕೊಂಡೇ ಕಾರು ತೊಳೆಯಲು ಇಳಿದೆ. ಇಂಥ ಬುದ್ಧಿ ನನಗೆ ಎಲ್ಲಿಂದ ಬರುತ್ತದೋ! ನಲ್ಲಿ ತಿರುಗಿಸಿದ ಕೂಡಲೇ ಪೈಪು ಕಳಚಿ ನೀರು ಚಿಮ್ಮಿ, ಸದರಿ ಕೋಟು ಕಾಲರಿನಿಂದ ಕೆಳಗೆ ಚಂಡಿ ಮುದ್ದೆ. ಮೇಲಿನಿಂದ ಮೂರ್ತಿಯವರು, "ಏನ್ ಸಾರ್, ಕಾರ್ ತೊಳೀತಿದೀರೋ, ಸ್ನಾನ ಮಾಡ್ತಿದೀರೋ?" ಎಂದರು. ನಾನು ಕೋಟನ್ನು ಬಿಚ್ಚಿ, ಕೆಳಗೆ ಇಳಿದು ಬಂದ ವಸಂತಿಯ ಕೈಗೆ ಕೊಟ್ಟು, "ಬೇಗ ಒಣಗಿಸು ಮಾರಾಯ್ತಿ" ಎಂದು ಪುನಃ ಪೈಪು ಹಿಡಿದೆ.

ಕಾರು ಹೊಳೆಯತೊಡಗಿತು. ನೀರು ಗೇಟು ದಾಟಿ, ರಸ್ತೆ ದಾಟಿ, ಎದುರಿನ ಟೈಲರ್ ಅಂಗಡಿಯ ಮೆಟ್ಟಿಲಿನ ಹತ್ತಿರ ಹೋಗಿ ನಿಂತಿತು. ಅಲ್ಲೇ ಬಲದಿಯಾದವರ, ಅಂದರೆ ಮುನಿಸಿಪಾಲಿಟಿಯವರ, ಜೀಪೂ ಬಂದು ನಿಂತಿತು. ಇಳಿದ ಇನ್ಸ್‌ಪೆಕ್ಟರ್ ತನ್ನ ಒದ್ದೆಯಾದ ಚಪ್ಪಲಿಯನ್ನು ನೋಡಿ, ನೀರು ಬಂದ ದಾರಿಯನ್ನೇ ಹಿಡಿದು ನಡೆದು ನನ್ನ ತನಕ ಬಂದ. ರಸ್ತೆಗೆ ನೀರು ಬಿಟ್ಟು ಕಾರು ತೊಳೆಯುವುದು ತಪ್ಪು!

"ತೊಳೆಯದಿದ್ದರೆ ಪೊಲೀಸ್ ಹಿಡಿಯುತ್ತಾನೆ, ತೊಳೆದರೆ ನೀವು ಹಿಡಿಯುತ್ತೀರಿ. ನಾನು ಎಲ್ಲಿಗೆ ಹೋಗಲಿ?" ಎಂದೆ.

"ಕಾರು ತೊಳೆಯುವ ಅಂಗಡಿಗೆ ಹೋಗು" ಎಂದ ಅವನು. ಇದು ನನಗೆ ಹೊಳೆದೇ ಇರಲಿಲ್ಲ.

ಚೀಟಿ ಬರೆಯುತ್ತಿದ್ದವನ ಮೂಗಿನ ಮೇಲೆ ಒಂದು ಹನಿ ಬಿತ್ತು. ತಲೆ ಎತ್ತಿದ. ನಾನೂ ಎತ್ತಿದೆ. ನಮ್ಮ ಮುಂದಿನ ಬಾಲ್ಕನಿಯಲ್ಲಿ, ಇಡೀ ಅಲ್ ಹೈಲ್‌ಗೆ ಕಾಣುವಂತೆ, ನನ್ನ ಮದುವೆಯ ಕೋಟು ಎರಡೂ ಕೈ ಚಾಚಿ ನೇತಾಡುತ್ತಿತ್ತು. ರಸ್ತೆಗೆ ಕಾಣುವಂತೆ ಬಟ್ಟೆ ಒಣಗಿಸುವುದು ಬೇರೆಯೇ ತಪ್ಪು. ಅವನು ನಿಟ್ಟುಸಿರು ಬಿಟ್ಟು ಎರಡನೆಯ ಚೀಟಿ ಬರೆದ. ಅಂದು ಪೊಲೀಸರ ದಂಡ ಒಂದನ್ನು ಕಟ್ಟಿ ಬರುವಷ್ಟರಲ್ಲಿ ಹೊತ್ತು ಮೀರಿತು. ಬಲಪುಟದಲ್ಲಿ ಮೂರು ಸಾಲು. ಅಣ್ಣ ಕಳಿಸಿದ ಕಟ್ಟಿನ ಕೊನೆಯ ಪೇಪರಿನಲ್ಲಿ ಎರಡೇ ಇದ್ದವು!

"ಈಗ ಭಯ ಪಡಬೇಕಾದದ್ದು ಅಮೆರಿಕದವರು" ಎಂದಳು ವಸಂತಿ.

ಶನಿವಾರ ಮೂರ್ತಿಯವರ ಕೋಟು ಸಾಲ ತೆಗೆದುಕೊಂಡು, ಅಂಗಡಿಯಲ್ಲಿ ತೊಳೆಸಿದ ಕಾರಿನಲ್ಲಿ ಠಾಣೆಗೆ ಹೋದೆ. ಎಲ್ಲ ಸರಿಯಾಯಿತು. ಕ್ಲಾರ್ಕು ದಂಡದ ರಸೀದಿ ನೋಡಿದ, ಅರ್ಜಿ ನೋಡಿದ, ಸೀಲು ಕೈಗೆತ್ತಿಕೊಂಡ. ಸೀಲು ಕಾಗದದಿಂದ ನಾಲ್ಕು ಬೆರಳು ಮೇಲಿರುವಾಗ ಸುಮ್ಮನೆ ಮಾತಿಗೆಂಬಂತೆ ಕೇಳಿದ: "ಖಲಾಸ್? ಮತ್ತೇನೂ ಇಲ್ಲವಲ್ಲ?"

ಇಲ್ಲ ಎಂದಿದ್ದರೆ ಮುಗಿದಿತ್ತು. ಬಲದಿಯಾದ ಚೀಟಿ ಅವನಿಗೆ ಸಂಬಂಧಪಟ್ಟದ್ದೇ ಅಲ್ಲ. ಆದರೆ ನಾನು ರಬ್ಬರ್ ವಾಪಸ್ ಇಟ್ಟ ಮನುಷ್ಯ!

"ಬಲದಿಯಾದಲ್ಲಿ ಎರಡು ಉಂಟು" ಎಂದೆ.

ಎತ್ತಿದ ಸೀಲು ಮೆಲ್ಲನೆ ಮೇಜಿನ ಮೇಲೆ ಮಲಗಿತು. "ಹಾಗಾದರೆ ಅದನ್ನೂ ಮುಗಿಸಿ ಬಾ" ಎಂದ ಅವನು. ಹಿಂದೆ ಸಾಲಿನಲ್ಲಿ ನಿಂತಿದ್ದ ಒಬ್ಬ ಮಲಯಾಳಿ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಬಲದಿಯಾಕ್ಕೆ ಹೋದರೆ, ಚೀಟಿ ಬರೆದ ಇನ್ಸ್‌ಪೆಕ್ಟರ್ ನಾಲ್ಕು ದಿನ ರಜೆ, ಅವನ ಸಹಿ ಇಲ್ಲದೆ ಚೀಟಿ ಮುಗಿಯುವುದಿಲ್ಲ. ಅವನಿಗೆ ನೆಗಡಿಯಂತೆ. ನನ್ನ ಕೋಟಿನ ಹನಿಯಿಂದಲೇ ಇರಬೇಕು!

ಅವನು ಗುಣವಾಗಿ, ಚೀಟಿ ಮುಗಿದು, ನನ್ನ ಹತ್ತೂ ಬೆರಳಿಗೆ ಕಪ್ಪು ಮಸಿ ಹಚ್ಚಿ ಅಚ್ಚು ತೆಗೆದು, ಕಾಗದ ಮಸ್ಕತ್‌ಗೆ ಹೋಗಿ ಬರುವುದರೊಳಗೆ ತಿಂಗಳು ಕಳೆದು ಹತ್ತು ದಿನ ಆಗಿತ್ತು. ಭಾವ ಫೋನಿನಲ್ಲಿ, "ಬೇರೆಯವರನ್ನು ತೆಗೆದುಕೊಂಡರು ಭಾವ, ಎಂತ ಮಾಡುವುದು" ಎಂದರು. ನಾನು ಫೋನ್ ಇಟ್ಟು ಸೋಫಾದಲ್ಲಿ ಕೂತೆ. ನಗು ಬರಲಿಲ್ಲ, ನಿಜ ಹೇಳುತ್ತೇನೆ. ನಲವತ್ತೆರಡು ವರ್ಷ, ಕೆಲಸ ಇಲ್ಲ, ವೀಸಾಕ್ಕೆ ಇನ್ನು ಕೆಲವೇ ದಿನ, ಕೈಯಲ್ಲಿ ಮಾತ್ರ ಸರಕಾರಿ ಮುದ್ರೆ ಬಿದ್ದ ಸಭ್ಯತೆ.

ಮೂರ್ತಿಯವರೇ ಯಾರನ್ನೋ ಹಿಡಿದು ಸುವೈಕ್‌ನಲ್ಲಿ ಒಬ್ಬ ಸಣ್ಣ ಕಂಟ್ರಾಕ್ಟರನ ಹತ್ತಿರ ಕೆಲಸ ಹುಡುಕಿಕೊಟ್ಟರು. ಸಂಬಳ ಕಮ್ಮಿ, ಊರು ದೂರ. ಆದರೂ ಹೋದೆ. ಮುದುಕ ಕಫೀಲ್, ಅಂದರೆ ವೀಸಾ ಕೊಡುವ ಯಜಮಾನ, ಖರ್ಜೂರ, ಕಾಫಿ ಕೊಟ್ಟು ಉಪಚರಿಸಿದ. ನಾನು ಹೆಮ್ಮೆಯಿಂದ ಪೊಲೀಸ್ ಸರ್ಟಿಫಿಕೇಟನ್ನು ಮುಂದಿಟ್ಟೆ. ಅವನು ಅದನ್ನು ಓದಿ, ಕನ್ನಡಕ ತೆಗೆದು, ಸಂಶಯದಿಂದ ನನ್ನನ್ನು ನೋಡಿ ಕೇಳಿದ: "ಪೊಲೀಸರ ಹತ್ತಿರ ಯಾಕೆ ಹೋಗಿದ್ದೆ? ಏನು ಮಾಡಿದ್ದೆ?"

ಅವನನ್ನು ಸಮಾಧಾನ ಮಾಡಲು ಮೂರು ಕಪ್ ಕಾಫಿ ಬೇಕಾಯಿತು. ಕೆಲಸ ಸಿಕ್ಕಿತು.

ಸುದ್ದಿ ಹೇಳಿದಾಗ ವಸಂತಿ ಹಾಡು ಗುನುಗುತ್ತಾ ಬಕೆಟಿನಲ್ಲಿದ್ದ ಬಟ್ಟೆ ಎತ್ತಿಕೊಂಡು ಹಿಂದಿನ ಟೆರೇಸಿಗೆ ಹೋದಳು. ನಾನೂ ಹಿಂದೆಯೇ ಹೋದೆ. ಅಲ್ಲಿ ಉದ್ದಕ್ಕೆ ಹಗ್ಗ ಕಟ್ಟಿತ್ತು. ಹನ್ನೆರಡು ವರ್ಷದಿಂದ ಬಟ್ಟೆ ಒಣಗಿಸುವುದು ಅಲ್ಲೇ. ಮುಂದಿನ ಬಾಲ್ಕನಿಯಲ್ಲಿ ನಾನು ಒಂದು ಕರ್ಚೀಫು ಹಾಕಿದರೂ ಬೈದು ತೆಗೆಸುತ್ತಿದ್ದವಳು ಇವಳೇ.

"ವಸಂತೀ, ಆ ಬುಧವಾರ ಈ ಹಗ್ಗ ಖಾಲಿ ಇತ್ತಲ್ಲ?"

"ಇತ್ತು."

"ಮತ್ತೆ ಕೋಟು ಮುಂದೆ ಹಾಕಿದ್ದು ಯಾಕೆ?"

ಅವಳು ಸ್ಮಿತಾಳ ಯೂನಿಫಾರ್ಮನ್ನು ಕೊಡವಿ ಹಗ್ಗಕ್ಕೆ ಹಾಕಿದಳು. ಕ್ಲಿಪ್ಪು ಸಿಕ್ಕಿಸಿದಳು. ಆಮೇಲೆ ಹೇಳಿದಳು.

"ಕಾರು ಗಲೀಜಿದ್ದದ್ದೂ ನೋಡಿದ್ದೆ. ಬೇಕಂತಲೇ ಹೇಳ್ಲಿಲ್ಲ. ನೀವು ಆಫೀಸಿಗೆ ಹೋಗ್ತೀರಿ, ಅವಳು ಶಾಲೆಗೆ ಹೋಗ್ತಾಳೆ, ನಾನು ಆ ಊರಲ್ಲಿ ಮೂರು ಬೀಗ ಹಾಕಿಕೊಂಡು ಒಳಗೆ ಕೂತು ಎಂತ ಮಾಡ್ಲಿ? ನನಗೆ ಹೆದರಿಕೆ ಆಗ್ತಿತ್ತು. ತಿಂಗಳಿಡೀ ಪೇಪರ್ ಓದಿ ಹೇಳಿದೆ. ನೀವು ಭಾಷಣ ಮಾಡಿದ್ರಿ. ಒಂದು ದಿನ ಆದ್ರೂ ಕೇಳಿದ್ರಾ, ವಸಂತೀ, ನಿನಗೆ ಬರ್ಲಿಕ್ಕೆ ಮನಸ್ಸು ಉಂಟಾ ಅಂತ?"

ಕೇಳಿರಲಿಲ್ಲ. ಆ ಅರ್ಜಿಯಲ್ಲಿ ಎಷ್ಟೆಲ್ಲ ಪ್ರಶ್ನೆಗಳಿದ್ದವು, ಅಜ್ಜನ ಹೆಸರನ್ನೂ ಬರೆದಿದ್ದೆ. ಇದೊಂದು ಅದರಲ್ಲಿ ಇರಲಿಲ್ಲ, ನನಗೂ ಹೊಳೆಯಲಿಲ್ಲ. ನಾಚಿಕೆಯಾಗಿ, ಬಕೆಟಿನಿಂದ ಒಂದು ಬನಿಯನ್ ತೆಗೆದು ಹಗ್ಗಕ್ಕೆ ಹಾಕಿದೆ. "ಉಲ್ಟಾ ಆಯ್ತು" ಎಂದು ಅವಳು ಅದನ್ನು ತೆಗೆದು ಸರಿಮಾಡಿ ಹಾಕಿದಳು.

ಸರ್ಟಿಫಿಕೇಟಿಗೆ ಅವಳೇ ಕಟ್ಟು ಹಾಕಿಸಿ ಸುವೈಕ್‌ನ ಮನೆಯ ಗೋಡೆಗೆ ತೂಗುಹಾಕಿದ್ದಾಳೆ. ಬಂದವರೆಲ್ಲ ಓದುತ್ತಾರೆ, ನಾನು ನಿರಪರಾಧಿ ಎಂದು. ಪೊಲೀಸರು ಮಾಡಿದ ತಪ್ಪು ಒಂದೇ: ಆ ದಿನ ಅವರು ಈ ಮನೆಯ ತಪ್ಪು ಮನುಷ್ಯನ ಬೆರಳಚ್ಚು ತೆಗೆದುಕೊಂಡರು!