ಸ್ವಲ್ಪ ಮೆಲ್ಲಗೆ ಮಾತಾಡಿ, ಒಳಗೆ ಮೈಕ್ ಇದೆ

ಗಂಡ ಹೆಂಡತಿ ಜೊತೆಯಾಗಿ ಹೆಲ್ಮೆಟ್ ಆರಿಸಲು ಬಂದರೆ ಅಂಗಡಿಯಲ್ಲಿ ಏನಾದರೊಂದು ನಡೆದೇ ತೀರುತ್ತದೆ. ಒಬ್ಬರೇ ಬಂದವರು ತಲೆಗೆ ಸರಿಹೋಯಿತೇ ಎಂದು ನೋಡಿ ತಗೊಂಡು ಹೋಗುತ್ತಾರೆ. ಇಬ್ಬರು ಬಂದರೆ ಹಿಂದೆಯೇ ಅವರ ಮನೆಯೂ ಬಂದು ಅಂಗಡಿಯ ಬೆಂಚಿನ ಮೇಲೆ ಕೂತುಬಿಡುತ್ತದೆ.

ಚನ್ನಪಟ್ಟಣದಲ್ಲಿ ಹೈವೇ ಪಕ್ಕಕ್ಕೆ ನನ್ನ ಸೋದರಮಾವನ ಅಂಗಡಿ. ಒಂದು ಕಡೆ ಬೊಂಬೆ ಅಂಗಡಿ, ಇನ್ನೊಂದು ಕಡೆ ಟೀ ಅಂಗಡಿ. ಮೊದಲು ಮಾವ ಸೀಟ್ ಕವರು, ಹಾರ್ನು, ಬೈಕಿನ ಕನ್ನಡಿ ಮಾರುತ್ತಿದ್ದರು. ರಸ್ತೆ ಅಗಲವಾಯಿತು. ಬಿಡದಿಯ ಕಡೆ ಒಂದರ ಹಿಂದೊಂದು ಕಾರ್ಖಾನೆಗಳು ಎದ್ದವು. ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಕಂತಿನ ಮೇಲೆ ಬೈಕ್ ತಗೊಂಡರು. ಹೆಲ್ಮೆಟ್ ಇಲ್ಲದವರನ್ನು ಪೊಲೀಸರು ಹಿಡಿಯುತ್ತಾರಂತೆ ಎಂಬ ಮಾತು ಹಬ್ಬಿದ ವಾರವೇ ಮಾವ ಬೆಂಗಳೂರಿಗೆ ಹೋಗಿ ಹೆಲ್ಮೆಟ್ಟುಗಳನ್ನು ಟೆಂಪೋದಲ್ಲಿ ತುಂಬಿಸಿಕೊಂಡು ಬಂದರು. ಅವುಗಳ ಜೊತೆಗೆ, ಯಾರದೋ ಮಾತಿಗೆ ಮರುಳಾಗಿ, ಮಾತಾಡುವ ಹೆಲ್ಮೆಟ್ಟನ್ನೂ ತಂದರು.

ಅದು ಜೋಡಿ ಹೆಲ್ಮೆಟ್. ಕಿವಿಯ ಹತ್ತಿರ ಸ್ಪೀಕರ್, ಬಾಯಿಯ ಹತ್ತಿರ ಮೈಕು. ಮುಂದಿನವರ ಹೆಲ್ಮೆಟ್ಟಿಗೂ ಹಿಂದಿನವರ ಹೆಲ್ಮೆಟ್ಟಿಗೂ ನಡುವೆ ಒಂದು ತಂತಿ, ತಂತಿಯ ಮಧ್ಯೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸಣ್ಣ ಡಬ್ಬಿ. ಡಬ್ಬಿಯಲ್ಲಿ ಎರಡು ತಿರುಪು. ಒಂದನ್ನು ತಿರುಗಿಸಿದರೆ ಮಾತು ಜೋರಾಗುತ್ತದೆ, ಇನ್ನೊಂದನ್ನು ತಿರುಗಿಸಿದರೆ ರೇಡಿಯೋ ಹಾಡು ಬರುತ್ತದೆ. ಬಳಸುವುದು ಹೇಗೆ ಎಂಬ ಚೀಟಿ ಇಂಗ್ಲಿಷಿನಲ್ಲಿತ್ತು. ಅದನ್ನು ಓದಿ ಹೇಳುವ ನೆಪದಲ್ಲಿ ನಾನು ಅಂಗಡಿಗೆ ಬಂದೆ.

ನಿಜವಾದ ಕಾರಣ ಬೇರೆ. ಮಾಗಡಿ ಕಡೆಯಿಂದ ಒಂದು ಸಂಬಂಧ ಬಂದಿತ್ತು. ನೋಡಿಕೊಂಡು, ಉಪ್ಪಿಟ್ಟು ತಿಂದು ಹೋದವರು, 'ಹುಡ್ಗಿ ಚೆಂದಾಗವಳೆ, ಮಾತೇ ಬರಕಿಲ್ವೇನೋ' ಎಂದು ಹೇಳಿಕಳಿಸಿದರು. ನನಗೆ ಮಾತು ಬರುತ್ತದೆ. ಆದರೆ ನಾನು ಓದಿದ ಕಾನ್ವೆಂಟಿನಲ್ಲಿ ಕನ್ನಡ ಆಡಿದರೆ ದಂಡ, ಇಂಗ್ಲಿಷ್ ತಪ್ಪಾದರೆ ನಗು. ಸುಮ್ಮನಿರುವುದಕ್ಕೆ ಮಾತ್ರ ಯಾವ ಶಿಕ್ಷೆಯೂ ಇರಲಿಲ್ಲ. ಅಷ್ಟು ವರ್ಷದಲ್ಲಿ ನಾನು ಅದೊಂದನ್ನು ಚೆನ್ನಾಗಿ ಕಲಿತಿದ್ದೆ.

ಅಮ್ಮ ತನ್ನ ತಮ್ಮನಿಗೆ ಹೇಳಿದರು: "ಇವಳನ್ನ ಅಂಗ್ಡೀಲಿ ಕೂರಿಸ್ಕೊ. ನಾಕ್ ಜನದ ಜೊತೆ ಒಸಿ ಮಾತಾಡೋದು ಕಲೀಲಿ. ಮುಂದಿನ ಸಂಬಂಧನೂ ಹಿಂಗೇ ವಾಪಸ್ ಹೋದ್ರೆ ನಾನು ಯಾರ ಮುಂದೆ ಹೇಳ್ಕಳ್ಳಿ."

ಹಾಗೆ ನನ್ನ ಮಾತಿನ ಶಾಲೆ ಶುರುವಾಯಿತು.

ವ್ಯಾಪಾರದ ಗುಟ್ಟು

ಹೆಲ್ಮೆಟ್ ಹಾಕಿ, ಕಿವಿಗೆ ರೇಡಿಯೋ ಬಿಟ್ಟರೆ, ತನ್ನ ದನಿ ತನಗೇ ಕೇಳುವುದಿಲ್ಲ. ತನಗೆ ಕೇಳದ್ದು ಊರಿಗೂ ಕೇಳುವುದಿಲ್ಲ ಎಂದುಕೊಳ್ಳುವುದು ಮನುಷ್ಯರ ಸ್ವಭಾವ ಎಂದು ನನಗೆ ಗೊತ್ತಾದದ್ದು ಕನಕಪುರ ಕಡೆಯ ಒಂದು ಜೋಡಿಯಿಂದ.

ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಬೆಂಚಿನ ಮೇಲೆ ಒಂದು ಗೇಣು ದೂರದಲ್ಲಿ ಕೂತಿದ್ದರು. ಮಾವ ಎದುರಿಗೇ ಇದ್ದರು. ಗಂಡ ತಲೆ ಬಗ್ಗಿಸಿ, ಬಹಳ ಗುಟ್ಟಿನಲ್ಲಿ, ಆಚೆ ತೋಟದ ಪಂಪ್‌ಸೆಟ್ ಹತ್ತಿರ ಇರುವವರಿಗೆ ಹೇಳುವಷ್ಟು ಜೋರಾಗಿ ಹೆಂಡತಿಗೆ ಹೇಳಿದ: "ಲೇ, ಇವ್ನು ರೇಟು ಜಾಸ್ತಿ ಹೇಳ್ತಾವ್ನೆ. ಬ್ಯಾಡ ಅಂತ ಎದ್ದು ಹೊಂಟಂಗೆ ಮಾಡಣ. ತಾನೇ ಕೂಗ್ತಾನೆ ನೋಡು."

ಹೆಂಡತಿ ಅದೇ ದನಿಯಲ್ಲಿ, "ಕೂಗ್ದೇ ಹೋದ್ರೆ? ನಂಗೆ ಈ ಕೆಂಪುದೇ ಬೇಕು" ಎಂದಳು.

"ಕೂಗ್ತಾನೆ ಕಣೆ. ಮುಖ ನೋಡಿದ್ರೆ ತಿಳಿಯಕಿಲ್ವಾ, ಬೆಳಗ್ಗಿಂದ ಬೋಣಿ ಆಗಿಲ್ಲ."

ಇಬ್ಬರೂ ಹೆಲ್ಮೆಟ್ ತೆಗೆದರು. ಗಂಡ ಗಂಭೀರವಾಗಿ, "ಬ್ಯಾಡ ಬುಡಿ ಸಾಮಿ, ಇನ್ನೊಂದ್ಸಲ ಬತ್ತೀವಿ" ಎಂದು ಎದ್ದ.

ಮಾವ ತಲೆ ಎತ್ತಲಿಲ್ಲ. "ಹೂಂ, ಹೊಂಡಿ. ಆ ಟೀ ಅಂಗ್ಡಿ ತಂಕ ಹೋಗಿ. ಅಲ್ಲಿಂದ ಕೂಗ್ತೀನಿ."

ಗಿಲ್ಲುವ ಭಾಷೆ

ಅವತ್ತಿನಿಂದ ನಾನು ಹೆಲ್ಮೆಟ್ ಹಾಕಿಕೊಂಡವರಿಗೆಲ್ಲ ಅಂಗೈಯನ್ನು ಕೆಳಗೆ ಮಾಡಿ ತೋರಿಸಿ, "ಸ್ವಲ್ಪ ಮೆಲ್ಲಗೆ ಮಾತಾಡಿ, ಒಳಗೆ ಮೈಕ್ ಇದೆ" ಎನ್ನತೊಡಗಿದೆ. ಎಷ್ಟೋ ದಿನ ನಾನು ಅಂಗಡಿಯಲ್ಲಿ ಆಡಿದ ಮಾತು ಅದೊಂದೇ. ಸಂಜೆ ಅಮ್ಮ ಮಾವನಿಗೆ, "ಮಾತಾಡಿದ್ಲಾ?" ಎಂದು ಕೇಳುತ್ತಿದ್ದರು. ಮಾವ, "ಆಡ್ತಾಳೆ. ಬ್ಯಾರೆಯವರಿಗೆ ಮೆಲ್ಲಗೆ ಮಾತಾಡಿ ಅಂತಾಳೆ" ಎನ್ನುತ್ತಿದ್ದರು.

ಬೈರಾಪಟ್ಟಣದಿಂದ ಒಬ್ಬ ಯಜಮಾನರು ಹೆಂಡತಿಯ ಜೊತೆ ಬಂದರು. ಅವರ ಅಳಿಯ ಇಂಥದ್ದು ತಗೊಂಡಿದ್ದಾನೆ, ಹಾಗಾಗಿ ಇವರಿಗೂ ಬೇಕು. ಹೆಂಡತಿಗೆ ಮೊದಲನೇ ಚಿಂತೆ ಹೂವಿನದು. ಮುಡಿದ ಮಲ್ಲಿಗೆ ಹೆಲ್ಮೆಟ್ ಒಳಗೆ ಬಾಡುತ್ತದೆ, ಹೊರಗೆ ಸಿಕ್ಕಿಸಲು ಜಾಗವಿಲ್ಲ. ಮಾವ, "ಹೆಲ್ಮೆಟ್ಟಿಗೇ ಒಂದು ಮೊಳ ಸುತ್ತಿ, ಆಯುಧಪೂಜೆ ಥರ" ಎಂದರು. ಆಕೆ ನಗಲಿಲ್ಲ.

ಎರಡನೇ ಚಿಂತೆ ದೊಡ್ಡದು. "ಇದರಲ್ಲಿ ಏನು ಮಾತಾಡಬೇಕು ಮಗ?" ಎಂದು ನನ್ನನ್ನು ಕೇಳಿದರು.

"ಏನು ಬೇಕಾದರೂ. ನಿಧಾನ ಹೋಗಿ, ನಿಲ್ಲಿಸಿ, ಹೀಗೆ."

"ಅದನ್ನೆಲ್ಲ ನಾವು ಆಗಲೇ ಆಡ್ತೀವಲ್ಲ" ಎಂದು ಆಕೆ ಗಂಡನ ಬೆನ್ನನ್ನೇ ಹಲಗೆ ಮಾಡಿಕೊಂಡು ನನಗೆ ಪಾಠ ಹೇಳಿದರು. "ಹಿಂಗೆ ಒಂದು ತಟ್ಟಿದ್ರೆ ನಿಧಾನ. ಎರಡು ತಟ್ಟಿದ್ರೆ ನಿಲ್ಸಿ. ಅಂಗಿ ಜಗ್ಗಿದ್ರೆ ತರಕಾರಿ ತಗಬೇಕು. ಪಕ್ಕೆ ಗಿಲ್ಲಿದ್ರೆ, ಎದುರಿಗೆ ನಮ್ ದಾಯಾದಿ ಬತ್ತಾವ್ನೆ, ಮಾತಾಡಿಸ್ಬ್ಯಾಡಿ ಅಂತ."

ಯಜಮಾನರು ಪಾಠ ಮುಗಿಯುವ ತನಕ ಮಿಸುಕದೆ ನಿಂತಿದ್ದರು. ಆಮೇಲೆ, "ಹೊಸಾದು ಬಂದದೆ, ಒಂದ್ಸಲ ನೋಡಮಿ" ಎಂದು ಒಪ್ಪಿಸಿ, ಹೆಲ್ಮೆಟ್ ಹಾಕಿಕೊಂಡು ರೈಲ್ವೆ ಸ್ಟೇಷನ್ ತನಕ ಒಂದು ಸುತ್ತು ಹೋಗಿ ಬಂದರು. ಬಂದವರೇ ಆಕೆ ತಂತಿ ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಕೇಳಿಸಲಿಲ್ಲವಾ?" ಎಂದೆ.

"ಕೇಳ್ತದೆ ಕಣವ್ವ, ಚೆಂದಾಗೇ ಕೇಳ್ತದೆ. ಆದ್ರೆ ಇದ್ರಲ್ಲಿ ಹೇಳಿದ್ರೆ ಕೇಳ್ಸಿಲ್ಲ ಅಂದ್ಬುಡ್ತಾರೆ. ಗಿಲ್ಲಿದ್ರೆ ಹಂಗನ್ನಕಾಯ್ತದಾ?"

ಗಂಟು

ಇದು ಚಿಕ್ಕದು. ಹೊಸದಾಗಿ ಮದುವೆಯಾದ ಒಂದು ಜೋಡಿ, ಇಬ್ಬರೂ ಕಾರ್ಖಾನೆಯ ಕೆಲಸದವರು. ಬೈಕಿನಲ್ಲಿ ಕೂತು ಪರೀಕ್ಷೆ ಮಾಡುತ್ತಿದ್ದಾಗ ಟೀ ಅಂಗಡಿಯಲ್ಲಿ ಹುಡುಗನಿಗೆ ಗೆಳೆಯ ಕಂಡ. ತಂತಿ ಇದೆ ಎಂಬುದನ್ನು ಮರೆತು, ಹೆಲ್ಮೆಟ್ ಸಮೇತ ಇಳಿದು ಬೀಸು ಹೆಜ್ಜೆ ಹಾಕಿದ. ತಂತಿ ಬಿಗಿಯಾಯಿತು. ಹುಡುಗಿ ಬೈಕಿನಿಂದ ಧುಮುಕಿ, ಕತ್ತು ಮುಂದೆ ಮಾಡಿಕೊಂಡು, ಅವನ ಹಿಂದೆಯೇ ಪುಟು ಪುಟು ನಡೆದಳು. ಅವನು ಟೀ ಅಂಗಡಿಯ ಕಂಬ ಸುತ್ತಿಕೊಂಡು ಹೋದ. ಅವಳೂ ಸುತ್ತಿದಳು. ಒಳಗೆ ಕೂತಿದ್ದವರು ಟೀ ಲೋಟ ಹಿಡಿದು ಎದ್ದು ನಿಂತರು.

ಟೀ ಅಂಗಡಿಯವರು ಹಾಲು ಎತ್ತಿ ಹೊಯ್ಯುತ್ತಲೇ ಹೇಳಿದರು: "ಸೆರಗಿಗೆ ಗಂಟು ಹಾಕೋದು ಕಂಡಿದ್ದೆ. ತಲೆಗೆ ಹಾಕಿದ್ದು ಇದೇ ಮೊದ್ಲು."

ಕೆಟ್ಟ ಮೈಕು

ಬೊಂಬೆ ಕೆಲಸ ಮಾಡುವ, ಇದೇ ಊರಿನ ಒಬ್ಬರು ಹೆಂಡತಿಯ ಜೊತೆ ಬಂದು ಒಂದು ಸೆಟ್ ಒಯ್ದಿದ್ದರು. ಕೆಲವು ದಿನದ ಮೇಲೆ ಇಬ್ಬರೂ ವಾಪಸ್ ಬಂದರು. ಗಂಡನ ಮುಖದಲ್ಲಿ ಸಿಟ್ಟು.

"ನಮ್ದು ಮಾತು ಅವರಿಗೆ ಹೋಗ್ತದೆ ಮೇಡಂ, ಅವರದು ನಮಗೆ ಬರ್ತಾನೇ ಇಲ್ಲ. ಒಂದು ಕಡೆ ಮೈಕ್ ಖರಾಬ್ ಆಗಿದೆ. ಬೇರೆ ಕೊಡಿ."

ಮಾವ ಊಟಕ್ಕೆ ಹೋಗಿದ್ದರು. ನಾನೇ ಹೆಂಡತಿಯ ಹೆಲ್ಮೆಟ್ ಹಾಕಿಕೊಂಡು ಒಂದು, ಎರಡು ಎಂದೆ. ಅವರಿಗೆ ಸ್ಪಷ್ಟವಾಗಿ ಕೇಳಿಸಿತು. ಅವರು ತಂತಿಯನ್ನು ಅಲ್ಲಾಡಿಸಿ, ಡಬ್ಬಿಯನ್ನು ಕುಟ್ಟಿ, ಬೈಕಿನ ಹತ್ತಿರ ಹೋಗಿ ಬೆಳಕಿಗೆ ಹಿಡಿದು ನೋಡತೊಡಗಿದರು. ಆಗ ಹೆಂಡತಿ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದರು: "ಏನೂ ಕೆಟ್ಟಿಲ್ಲಮ್ಮ. ಹಬ್ಬದ ದಿನದಿಂದ ನಾನೇ ಮಾತು ಬಿಟ್ಟಿದ್ದೀನಿ. ಸಿಟ್ಟು ಬಂದಿದೆ ಅಂತ ಅವರಿಗೆ ಇನ್ನೂ ಗೊತ್ತಾಗಿಲ್ಲ. ಮೆಷೀನ್ ಕೆಟ್ಟಿದೆ ಅಂದ್ಕೊಂಡಿದ್ದಾರೆ."

ನಾನು ಅವರ ಮುಖ ನೋಡಿದೆ. ಸುಮ್ಮನಿದ್ದರೆ ಯಾರಾದರೂ ಒಂದು ದಿನ ಯಾಕೆ ಎಂದು ಕೇಳಬಹುದು ಎಂದು ಕಾಯುವುದು ನನಗೆ ಚೆನ್ನಾಗಿ ಗೊತ್ತಿದ್ದ ಕೆಲಸ. ಸುಮ್ಮನಿರುವವರನ್ನು ನೋಡಿ ಜನ ಏನೋ ಕೆಟ್ಟಿದೆ ಎಂದುಕೊಳ್ಳುತ್ತಾರೆ ಹೊರತು ಏನೋ ಇದೆ ಎಂದುಕೊಳ್ಳುವುದಿಲ್ಲ.

ಗಂಡ ಒಳಗೆ ಬಂದಾಗ ನಾನು, ಹೇಗೆ ಧೈರ್ಯ ಬಂತೋ, ಹೇಳಿದೆ: "ಮೈಕ್ ಸರಿಯಿದೆ. ಅದು ತಾನಾಗಿ ಮಾತಾಡುವುದಿಲ್ಲ. ನೀವು ಮೊದಲು ಏನಾದರೂ ಕೇಳಬೇಕು."

ಅವರು ಹೆಲ್ಮೆಟ್ ಹಾಕಿಕೊಂಡು, "ಹಲೋ, ಹಲೋ, ಟೆಸ್ಟಿಂಗ್" ಎಂದರು. ಇನ್ನೊಂದನ್ನು ಹಾಕಿಕೊಂಡ ಹೆಂಡತಿ ಬೊಂಬೆ ಅಂಗಡಿಯ ಕಡೆ ನೋಡುತ್ತಿದ್ದರು.

"ಟೆಸ್ಟಿಂಗ್ ಬೇಡ. ಬೇರೆ ಏನಾದರೂ ಕೇಳಿ."

ಅವರು ಬಹಳ ಹೊತ್ತು ಯೋಚಿಸಿದರು. ಆಮೇಲೆ, "ನೀನು ಊಟ ಮಾಡಿದ್ಯಾ?" ಎಂದರು.

"ಇಲ್ಲ" ಎಂದರು ಹೆಂಡತಿ.

ಗಂಡನ ಮುಖ ಅರಳಿತು. ಹೆಲ್ಮೆಟ್ ತೆಗೆದು ಜೇಬಿಗೆ ಕೈ ಹಾಕಿದರು. "ಶಭಾಷ್ ಮೇಡಂ. ಎಷ್ಟು ಬೇಗ ರಿಪೇರಿ ಮಾಡಿಬಿಟ್ರಿ. ಚಾರ್ಜ್ ಎಷ್ಟು?"

ಹೆಂಡತಿ ಬೈಕಿನ ಕಡೆ ನಡೆಯುತ್ತ, "ಅವರ ಹತ್ರ ಗ್ಯಾರಂಟಿ ಎಷ್ಟು ದಿನ ಅಂತ ಕೇಳ್ಕೊಂಡು ಬನ್ನಿ" ಎಂದರು.

ಸಂಬಂಧ

ಕೊನೆಗೆ ನನ್ನ ಸರದಿ ಬಂತು.

ಹುಡುಗ ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಊರು ಸಾವನದುರ್ಗದ ಹತ್ತಿರ. ಮನೆಗೆ ಬಂದು ಚಾಪೆ ಹಾಸಿ ಕೂರುವುದು ಆಮೇಲೆ, ಮೊದಲು ಹೆಲ್ಮೆಟ್ ನೋಡುವ ನೆಪದಲ್ಲಿ ಅಂಗಡಿಗೇ ಬರುತ್ತೇವೆ ಎಂದು ಅವನ ಅಕ್ಕ ಹೇಳಿಕಳಿಸಿದ್ದರು. ತಾಯಿ ಇಲ್ಲದ ಮನೆ, ಅಕ್ಕನೇ ಸಾಕಿದ್ದು, ಅಕ್ಕ ಹೂಂ ಅಂದರೆ ಹೂಂ. ಬೆಳಿಗ್ಗೆ ಅಮ್ಮ ನನಗೆ ಜಡೆ ಹಾಕುತ್ತ ಒಂದೇ ಮಾತು ಹೇಳಿದರು: "ನಾಕೇ ನಾಕು ಮಾತಾಡು. ಏನಾರ ಆಡು. ನಿನ್ನ ದಮ್ಮಯ್ಯ."

ಅಕ್ಕ ಬಂದು ಬೆಂಚಿನ ಮೇಲೆ ಕೂತರು. ದಪ್ಪ ಅಂಚಿನ ಸೀರೆ, ನೆಟ್ಟ ನೋಟ. ಹೆಸರು ಕೇಳಿದರು, ಹೇಳಿದೆ. ಓದು ಕೇಳಿದರು, ಹೇಳಿದೆ. ಆಮೇಲೆ ಏನೂ ಕೇಳದೆ ನೋಡುತ್ತ ಕೂತರು. ನಾನು ನೆಲ ನೋಡಿದೆ. ಹುಡುಗ ಹೆಲ್ಮೆಟ್ಟುಗಳ ಸಾಲನ್ನು ನೋಡಿದ, ಮುಗಿದಾಗ ಮತ್ತೆ ಮೊದಲಿಂದ ನೋಡಿದ. ಮಾಗಡಿಯವರ ಉಪ್ಪಿಟ್ಟಿನ ದಿನವೇ ಮತ್ತೆ ಬಂದಂತಿತ್ತು.

ಮಾವನಿಗೆ ತಡೆಯಲಾಗಲಿಲ್ಲ. "ನಮ್ ಮುಂದೆ ಏನ್ ಮಾತಾಡ್ತವೆ ಇವು. ಒಂದು ಸೆಟ್ ಹಾಕ್ಕಂಡು ಕೂತ್ಕಳ್ಳಿ. ನಿಮ್ ಮಾತು ನಿಮಗೆ."

ನಾನು ಬೆಂಚಿನ ತುದಿಯಲ್ಲಿ ಕೂತೆ. ಹುಡುಗ ಬಾಗಿಲಲ್ಲಿ ನಿಲ್ಲಿಸಿದ್ದ ಬೈಕಿನ ಮೇಲೆ ಕೂತ. ಮುಖದ ಮುಂದೆ ಕಪ್ಪು ಗಾಜು ಇಳಿಸಿದೆ. ಒಳಗೆ ಕತ್ತಲು, ಹೊಸ ಸ್ಪಂಜಿನ ವಾಸನೆ. ಯಾರೂ ನನ್ನ ಮುಖ ನೋಡಲಾರರು ಎಂಬುದೇ ಎಷ್ಟು ಹಗುರ ಎಂದು ಅವತ್ತು ತಿಳಿಯಿತು.

"ನಾನು ಜಾಸ್ತಿ ಮಾತಾಡಲ್ಲ" ಎಂದಿತು ಕಿವಿಯಲ್ಲಿ ಒಂದು ದನಿ.

"ನಾನೂ" ಎಂದೆ.

"ಕಾರ್ಖಾನೆ ಲೈನಲ್ಲಿ ದಿನಾ ಬರೀ ಮೆಷೀನ್ ಶಬ್ದ. ಮನೇಲಿ ಅಕ್ಕ ಮಾತಾಡ್ತಾರೆ. ನಂಗೆ ಚಾನ್ಸ್ ಸಿಕ್ಕಿಲ್ಲ."

ನನಗೆ ನಗು ಬಂತು. ಗಾಜಿನ ಹಿಂದೆ ನಕ್ಕೆ. ಅವನು ದನಿ ಜೋರು ಮಾಡಲು ಹೋಗಿ ಇನ್ನೊಂದು ತಿರುಪು ತಿರುಗಿಸಿದನೆಂದು ಕಾಣುತ್ತದೆ, ಕಿವಿಯ ತುಂಬ ತಮಟೆಯ ಹಾಡು ಬಂತು. ಅದರ ಹಿಂದಿನಿಂದ ಅವನ ದನಿ: "ನಿಮಗೆ ಭಯ ಆಗ್ತಿದ್ಯಾ?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಓದು ಕೇಳಿದ್ದರು, ಅಡುಗೆ ಬರುತ್ತದಾ ಎಂದು ಕೇಳಿದ್ದರು. ಇವನಿಗೆ ನಿಜ ಹೇಳಬೇಕೆಂದು ನನಗನ್ನಿಸಿತು. ಹೇಳಿದೆ.

"ಆಗ್ತಿದೆ. ನಿಮ್ಮನ್ನು ಕಂಡು ಅಲ್ಲ, ನಿಮ್ಮ ಅಕ್ಕನನ್ನು ಕಂಡು. ಬಂದಾಗಿನಿಂದ ಸಂತೆಯಲ್ಲಿ ಎಮ್ಮೆ ನೋಡಿದ ಹಾಗೆ ನೋಡ್ತಿದ್ದಾರೆ. ಹಲ್ಲು ಎಣಿಸೋದೊಂದು ಬಾಕಿ. ನನಗೆ ಮಾತು ಬರಲ್ಲ ಅಂದ್ಕೊಂಡಿದ್ದಾರೆ. ಬರುತ್ತೆ. ಹೀಗೆ ಯಾರಾದ್ರೂ ಕೇಳಿದ್ರೆ ಬರುತ್ತೆ."

ಗಾಜಿನಾಚೆ ನೋಡಿದೆ. ಟೀ ಅಂಗಡಿಯವರ ಕೈಯಲ್ಲಿ ಹಾಲಿನ ಧಾರೆ ನಿಂತಿತ್ತು. ಬೊಂಬೆ ಅಂಗಡಿಯ ಮುಂದೆ ಕಾರಿನಿಂದ ಇಳಿದವರು ಇತ್ತ ತಿರುಗಿದ್ದರು. ಮಾವ ಅಂಗೈಯನ್ನು ಕೆಳಗೆ ಮಾಡಿ, ನನ್ನದೇ ಸನ್ನೆಯನ್ನು ನನಗೇ ತೋರಿಸುತ್ತಿದ್ದರು. ಅವರ ತುಟಿ ಆಡುತ್ತಿತ್ತು. ಏನು ಹೇಳುತ್ತಿದ್ದಾರೆಂದು ಕೇಳದಿದ್ದರೂ ಗೊತ್ತಿತ್ತು. ಒಳಗೆ ಮೈಕ್ ಇದೆ ಕಣಮ್ಮಿ.

ಆಮೇಲೆ ಕಿವಿಯಲ್ಲಿ ತಮಟೆಯ ನಡುವೆ ಒಂದು ನಗು ಕೇಳಿತು. ಅವನದು. ಅದು ಮಾತ್ರ ನಿಜವಾಗಿಯೂ ನನಗೊಬ್ಬಳಿಗೇ ಕೇಳಿದ್ದು.

ನಾನು ಹೆಲ್ಮೆಟ್ ತೆಗೆಯಲಿಲ್ಲ. ಇನ್ನು ಈ ಜನ್ಮದಲ್ಲಿ ತೆಗೆಯುವುದಿಲ್ಲ ಎಂದುಕೊಂಡೆ. ಅಕ್ಕ ಎದ್ದು ಬಂದರು. ತೆಂಗಿನಕಾಯಿ ನೋಡುವಂತೆ ಬೆರಳ ಗೆಣ್ಣಿನಿಂದ ಹೆಲ್ಮೆಟ್ಟನ್ನು ಎರಡು ಸಲ ತಟ್ಟಿ, ಕಪ್ಪು ಗಾಜನ್ನು ಮೇಲೆತ್ತಿ, ಡಬ್ಬಿಯ ತಿರುಪನ್ನು ಹುಡುಕಿ ಹಾಡು ನಿಲ್ಲಿಸಿದರು.

"ಹೂಂ, ಹಂಗೇ ನೋಡ್ತಿದ್ದೆ ಕಣವ್ವ" ಎಂದರು. "ನಮ್ಮೋನೂ ಬಾಯಿ ಬುಡಕಿಲ್ಲ. ನೀನೂ ಬುಡದಿದ್ರೆ ಆ ಮನೇಲಿ ನಾನು ಗೋಡೆ ಜೊತೆ ಮಾತಾಡಬೇಕಲ್ಲ ಅಂತ ನೋಡ್ತಿದ್ದೆ. ಮಾತು ಬತ್ತದೆ. ಸಾಕು."

ಮಾವನ ಮುಖದಲ್ಲಿ ಸಂಬಂಧವೂ ಕುದುರಿದ, ವ್ಯಾಪಾರವೂ ಕುದುರಿದ ಕಳೆ. "ಹಂಗಾರೆ ಇದೇ ಸೆಟ್ಟು ಪ್ಯಾಕ್ ಮಾಡ್ಸಿಬುಡ್ಲಾ?"

ಅಕ್ಕ ನನ್ನ ಹೆಲ್ಮೆಟ್ಟಿನಿಂದ ತಂತಿ ಕಿತ್ತು ಮಾವನ ಕೈಗಿಟ್ಟರು.

"ಹೆಲ್ಮೆಟ್ ಎರಡೂ ಕೊಡಿ. ತಂತಿ ಬ್ಯಾಡ. ಇವಳು ಚನ್ನಪಟ್ಣದಲ್ಲಿ ಬಾಯಿ ಬುಟ್ರೆ ಅವ್ನಿಗೆ ಬಿಡದೀಲಿ ಹಂಗೇ ಕೇಳ್ತದೆ."