ಮೂರು ಹೊತ್ತು ಕರೆದು ನೋಡಿದ ಬ್ಯಾಟರಿ

ಟುಂಕ್. ಹಿತ್ತಾಳೆ ಚೊಂಬಿಗೆ ಮೇಲಿನಿಂದ ಒಂದೇ ಒಂದು ಹನಿ ನೀರು ಬಿದ್ದರೆ ಬರುತ್ತದಲ್ಲ, ಅಂಥ ಸದ್ದು. ನನ್ನ ಲ್ಯಾಪ್‌ಟಾಪು ಕಣ್ಣು ಮುಚ್ಚುವ ಮುಂಚೆ ಹಾಗೆ ಟುಂಕ್ ಎನ್ನುತ್ತಿತ್ತು. ಆ ಗುರುವಾರ ಅದು ಟುಂಕ್ ಎಂದಾಗ ಪರದೆಯ ಮೇಲೆ ನನ್ನ ಗೆಳತಿ ಲೀಲಾ ಇದ್ದಳು. "ಇದನ್ನ ಹೇಳದೆ ನಂಗೆ ನಿದ್ದೆ ಬರ್ತಿಲ್ಲ ಕಣೆ. ನಮ್ಮ ಸ್ಟಡಿ ಹಾಲ್ ಗಡಿಯಾರ ಇತ್ತಲ್ಲ, ಲಿಸನ್, ಆವತ್ತು ಅದನ್ನ ಮುಂದಕ್ಕೆ ತಿರುಗಿಸಿದ್ದು ಯಾರು ಅಂದ್ರೆ" ಎಂದವಳ ಬಾಯಿ ತೆರೆದೇ ಇತ್ತು. ಅಷ್ಟರಲ್ಲಿ ಕತ್ತಲು. ಬ್ಯಾಟರಿ ಇನ್ನೂ ನಲವತ್ತಾರು ಪರ್ಸೆಂಟ್ ಇದೆ ಎಂದು ಅರೆಕ್ಷಣದ ಹಿಂದೆ ಅದೇ ಯಂತ್ರ ನನಗೆ ಭರವಸೆ ಕೊಟ್ಟಿತ್ತು. ವಯಸ್ಸಾದ ಮೇಲೆ ಮನುಷ್ಯರು ಸುಳ್ಳು ಹೇಳುತ್ತಾರೆಂದು ಗೊತ್ತಿತ್ತು, ನಾನೂ ಹೇಳುತ್ತೇನೆ. ಯಂತ್ರಗಳೂ ಹೇಳುತ್ತವೆಂದು ಗೊತ್ತಿರಲಿಲ್ಲ.

ಗಡಿಯಾರದ ಕಥೆ ಇಷ್ಟೆ. ಅರವತ್ತು ಚಿಲ್ಲರೆ ವರ್ಷದ ಹಿಂದೆ ನಾನೂ ಲೀಲಾಳೂ ಮೈಸೂರಿನ ಒಂದು ಕಾನ್ವೆಂಟ್ ಹಾಸ್ಟೆಲಿನಲ್ಲಿ ಪಕ್ಕಪಕ್ಕದ ಮಂಚದವರು. ಒಂದು ಸಂಜೆ ಯಾರೋ ಸ್ಟಡಿ ಹಾಲಿನ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿದರು. ಎಲ್ಲರೂ ಅರ್ಧ ಗಂಟೆ ಮುಂಚೆಯೇ ಊಟಕ್ಕೆ ಓಡಿದರು. ಹತ್ತಲು ಬಳಸಿದ ಸ್ಟೂಲು ನನ್ನ ಡೆಸ್ಕಿನ ಪಕ್ಕ ಸಿಕ್ಕಿತು. ಸಿಸ್ಟರ್ ಬೆನೆಡಿಕ್ಟಾ ಎನ್‌ಕ್ವೈರಿ ಏನೂ ಮಾಡಲಿಲ್ಲ. "ನೀಲ್ ಡೌನ್" ಎಂದರು, ಅಷ್ಟೇ. ಮೂರು ಸಂಜೆ ಎಲ್ಲರೆದುರು ಮಂಡಿಯೂರಿದೆ. ಆ ಮಂಡಿ ಈಗಲೂ ಮೋಡ ಕವಿದರೆ ನೋಯುತ್ತದೆ. ಮಾಡಿದವಳು ಶಾಂತಕುಮಾರಿ ಎಂದು ನನಗೆ ಆವತ್ತೇ ಗ್ಯಾರಂಟಿ. ಗಡಿಯಾರಕ್ಕೆ ಕೀ ಕೊಡುವ ಡ್ಯೂಟಿ ಅವಳದು, ಇನ್ನೇನು ಎವಿಡೆನ್ಸ್ ಬೇಕು? ಆಮೇಲೆ ಅವಳ ಜೊತೆ ನಾನು ಮಾತಾಡಲಿಲ್ಲ. ಎಷ್ಟೋ ವರ್ಷದ ಮೇಲೆ ಮಗಳ ಮದುವೆಗೆ ಮನೆಗೇ ಬಂದು ಕರೆದಳು. ಹೋಗಲಿಲ್ಲ. ಇದರಿಂದ ನಾನು ಕಲಿತ ನೀತಿ ಒಂದೇ: ತಪ್ಪು ಯಾರದು ಎಂದು ಪತ್ತೆಯಾಗದೆ ದಂಡ ತೆರಬಾರದು. ಆಮೇಲೆ ಜೀವಮಾನವಿಡೀ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದಾಗಲೂ ವಿಚಾರಿಸದೆ ಒಬ್ಬಳನ್ನೂ ಬೆಂಚಿನ ಮೇಲೆ ನಿಲ್ಲಿಸಿದವಳಲ್ಲ.

ಈಗ ನಾನು ಮಂಡ್ಯದಲ್ಲಿ, ಲೀಲಾ ಮಳವಳ್ಳಿಯಲ್ಲಿ, ಮಗ ಸೊಸೆಯ ಮನೆಯಲ್ಲಿ. ಲೀಲಾಗೆ ಕಿವಿ ಕೇಳುವುದಿಲ್ಲ. ಫೋನ್ ಮಾಡಿ ನಾನು ಏನು ಹೇಳಿದರೂ "ಯಾರು, ಗ್ಯಾಸಿನವರಾ?" ಎನ್ನುತ್ತಾಳೆ. ಆದರೆ ತುಟಿ ನೋಡಿ ಮಾತು ಹಿಡಿಯುತ್ತಾಳೆ. ಆದ್ದರಿಂದ ನಾಲ್ಕು ವರ್ಷದಿಂದ ಪ್ರತಿ ಗುರುವಾರ ಸಂಜೆ ನಾಲ್ಕಕ್ಕೆ ವಿಡಿಯೋದಲ್ಲೇ ನಮ್ಮ ಭೇಟಿ. ನನ್ನದು ಗುಂಡಿ ಒತ್ತುವ ಫೋನು, ಲ್ಯಾಪ್‌ಟಾಪೇ ಗತಿ. ಅದರಲ್ಲೂ ನೆಟ್‌ವರ್ಕ್ ಸಿಗುವುದು ವರಾಂಡದಲ್ಲಿ ಮಾತ್ರ, ಪ್ಲಗ್ಗು ಇರುವುದು ಒಳಗೆ ಫ್ರಿಜ್ಜಿನ ಪಕ್ಕ. ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದರೆ ಅದು ಹೊಸ್ತಿಲಿನವರೆಗೆ ಬಂದು ನಿಲ್ಲುತ್ತದೆ, ನೆಟ್‌ವರ್ಕ್ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ. ಹೀಗಾಗಿ ಬ್ಯಾಟರಿ ಇಲ್ಲದೆ ಲೀಲಾ ಇಲ್ಲ. ಗಡಿಯಾರದ ವಿಷಯವನ್ನು ಅವಳ ಸೊಸೆಯ ಫೋನಿನ ಮೂಲಕ ಕೇಳಿಸೋಣವೆಂದರೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳಿಗೆ ಏನೆಂದು ಹೇಳುವುದು?

ಮರುದಿನ ಮಂಡ್ಯದಲ್ಲೇ ಒಂದು ರಿಪೇರಿ ಅಂಗಡಿಗೆ ಹೋದೆ. ಅಲ್ಲಿನ ಮನುಷ್ಯ ಲ್ಯಾಪ್‌ಟಾಪನ್ನು ಬ್ಯಾಗಿನಿಂದ ಪೂರ್ತಿ ತೆಗೆಯಲೂ ಬಿಡಲಿಲ್ಲ.

"ಬ್ಯಾಟ್ರಿ ಓಗೈತೆ ಮೇಡಂ. ಚೇಂಜ್ ಮಾಡ್ಬುಡಣ."

"ನೀವು ನೋಡೇ ಇಲ್ವಲ್ಲಪ್ಪ."

"ನೋಡದೇನೈತೆ? ಎಲ್ಲಾರ್ದೂ ಅದೇ ಓಗದು."

ನನಗೆ ಸಾಕ್ಷಾತ್ ಸಿಸ್ಟರ್ ಬೆನೆಡಿಕ್ಟಾ ಕಂಡರು. ಚಾರ್ಜರ್ ಕೆಟ್ಟಿರಬಹುದು, ಪ್ಲಗ್ಗು ಕೆಟ್ಟಿರಬಹುದು, ಒಳಗಿನ ಲೆಕ್ಕವೇ ತಪ್ಪಿರಬಹುದು. ಸ್ಟೂಲು ಪಕ್ಕದಲ್ಲಿ ಸಿಕ್ಕಿತೆಂದು ಬ್ಯಾಟರಿಯನ್ನು ಮಂಡಿಯೂರಿಸುವುದೇ? ಜಿಪ್ ಎಳೆದು ಮನೆಗೆ ಬಂದೆ.

ಪತ್ತೆ ಹಚ್ಚುವುದು ಹೇಗೆಂದು ಹೇಳಿಕೊಟ್ಟವಳು ಸಣ್ಣಮ್ಮ. ಕೆರಗೋಡಿನ ಕಡೆಯವಳು, ಎರಡು ಹಸು ಕಟ್ಟಿಕೊಂಡು ನಮ್ಮ ಬೀದಿಗೆಲ್ಲ ಹಾಲು ಹಾಕುತ್ತಾಳೆ. ನಾನು ಹಾಲಿನ ಪಾತ್ರೆ ಹಿಡಿದು ಅಂಗಡಿಯವನನ್ನು ಬೈಯುತ್ತಿದ್ದರೆ ಅವಳು ಕೇಳಿಸಿಕೊಂಡು, "ನೀವ್ ವಾಪಸ್ ಬಂದುದ್ದು ಒಳ್ಳೇದಾಯ್ತು ಬುಡಿ. ನಾವು ಅಸ ತಕ್ಕಳವಾಗ ಮೂರೊತ್ತು ನಮ್ ಕೈಯಾರೆ ಕರ್ದು ನೋಡ್ದಲೆ ದುಡ್ಡು ಕೊಡಕಿಲ್ಲ ಕಣಮ್ಮ" ಎಂದಳು.

"ಒಂದು ಹೊತ್ತು ಸಾಲದಾ?"

"ಒಂದೊತ್ತು ನೋಡುದ್ರೆ ಕೆಟ್ರಿ. ಮಾರೋನು ಮುಂಚಿನ್ ದಿವ್ಸ ಕರೀದೆ ಬುಟ್ಟು ಕೆಚ್ಚಲು ತುಂಬ್ಸಿರ್ತಾನೆ. ನೋಡಕೆ ಬಿಂದ್ಗೆ ಇದ್ದಂಗಿರ್ತದೆ. ಮೂರ್ನೇ ಒತ್ತಿಗೆ ನೋಡಿ, ಅದ್ರ ಬಂಡ್ವಾಳ ಗೊತ್ತಾಗದು."

ಇದಕ್ಕಿಂತ ಸೈಂಟಿಫಿಕ್ ಮೆಥಡ್ ಯಾವ ಫಿಸಿಕ್ಸ್ ಟೀಚರೂ ನನಗೆ ಹೇಳಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೂತೆ. ನೂರು ಪರ್ಸೆಂಟ್ ತುಂಬಿಸುವುದು, ವೈರು ಕೀಳುವುದು, ಯಾವುದಾದರೊಂದು ಅಡುಗೆ ವಿಡಿಯೋ ಹಚ್ಚಿ ಗಡಿಯಾರ ನೋಡುವುದು. ಮೊದಲನೇ ಕರೆಯುವಿಕೆ: ಐವತ್ತೆರಡು ನಿಮಿಷ, ನಲವತ್ತು ಪರ್ಸೆಂಟಿನಲ್ಲಿ ಟುಂಕ್. ಎರಡನೆಯದು: ಮೂವತ್ತೆಂಟು ನಿಮಿಷ, ಆದರೆ ಅರವತ್ತರಲ್ಲೇ ಟುಂಕ್. ಮೂರನೆಯದಕ್ಕೆ ಬೇರೆ ಪ್ಲಗ್ಗಿನಲ್ಲಿ ಚಾರ್ಜ್ ಮಾಡಿದೆ. ನಲವತ್ತೊಂದು ನಿಮಿಷ, ಹದಿನೆಂಟರಲ್ಲಿ ಟುಂಕ್. ಮುಂಚೆ ನನಗೆ ಏನೂ ಗೊತ್ತಿರಲಿಲ್ಲ. ಈಗ ಕೋಷ್ಟಕ ಸಮೇತ ಏನೂ ಗೊತ್ತಿರಲಿಲ್ಲ. ಮೂರು ದಿನದಲ್ಲಿ ನಾಲ್ಕು ಬಗೆಯ ಬಸ್ಸಾರು ಮಾಡುವುದನ್ನು ಮಾತ್ರ ಕಲಿತೆ.

ಮೂರನೇ ಸಂಜೆ ಸಣ್ಣಮ್ಮ ಹಾಲು ಅಳೆಯುತ್ತಾ ಮೇಜಿನ ಕಡೆ ನೋಡಿ, "ಅದ್ಯಾಕ್ರಮ್ಮ ಅದ್ರಡಿ ಪೇಪರ್ ಮಡ್ಚಿ ಇಕ್ಕಿದ್ದೀರಿ?" ಎಂದಳು.

"ಮೇಜು ಸಮ ಇಲ್ಲ ಸಣ್ಣಮ್ಮ, ಲ್ಯಾಪ್‌ಟಾಪು ಅಲ್ಲಾಡುತ್ತೆ. ಆ ಬಡಗಿಗೆ ಬೈದು ಆರು ತಿಂಗಳಾಯ್ತು."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹಾಲಿನ ಲೋಟವನ್ನು ಅದೇ ಜಾಗದಲ್ಲಿಟ್ಟಳು. ಲೋಟ ಅಲ್ಲಾಡಲಿಲ್ಲ. "ಮೇಜು ಸರ್ಯಾಗೈತೆ ಕಣಮ್ಮ. ಇದ್ರ ಒಟ್ಟೆ ಉಬ್ಬೈತೆ, ಅಸೀಗೆ ಉಬ್ರ ಬಂದಂಗೆ" ಎಂದಳು. ಸಣ್ಣಮ್ಮನಿಗೆ ಪ್ರಪಂಚವೆಲ್ಲ ಹಸುವೇ ಎಂದು ನಾನು ಮನಸ್ಸಿನಲ್ಲೇ ನಕ್ಕು ಪೇಪರನ್ನು ಮತ್ತೆ ಅದರಡಿಗೆ ತುರುಕಿದೆ.

ಗುರುವಾರ ಬಂತು. ಸಣ್ಣಮ್ಮನ ಅಳಿಯ ಮದ್ದೂರಿನಲ್ಲಿ ನಯಾಜ್ ಎಂಬ ರಿಪೇರಿಯವರ ಹೆಸರು ಹೇಳಿದ್ದ. ನೋಡದೆ ಮಾತಾಡುವವರಲ್ಲವಂತೆ. ಬೆಳಿಗ್ಗೆ ತೋರಿಸಿಕೊಂಡು ನಾಲ್ಕಕ್ಕೆ ವರಾಂಡದಲ್ಲಿರುವುದು ನನ್ನ ಪ್ಲಾನು. ಲ್ಯಾಪ್‌ಟಾಪು, ನೋಟ್‌ಬುಕ್ಕು, ನೀರಿನ ಬಾಟಲು, ಕೊಡೆ ಎಲ್ಲ ಹಿಡಿದು ಮದ್ದೂರಿನಲ್ಲಿ ಇಳಿದೆ. ನಯಾಜ್ ಕೇಳಿದ ಮೊದಲನೇ ಮಾತು, "ಚಾರ್ಜರ್ ಎಲ್ಲಮ್ಮ?" ಚಾರ್ಜರ್ ಫ್ರಿಜ್ಜಿನ ಪಕ್ಕದಲ್ಲೇ ಇತ್ತು. ಅವರು ಬೈಯದೆ ತಮ್ಮದನ್ನೇ ಚುಚ್ಚಿದರು. ಅದೇನೋ ಒತ್ತಿ ಒಂದು ರಿಪೋರ್ಟ್ ತೆಗೆದರು. ಹುಟ್ಟಿದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂದು ಯಂತ್ರವೇ ಬರೆದಿಟ್ಟುಕೊಂಡಿತ್ತಂತೆ, ಕೇಳಬೇಕಿತ್ತು ಅಷ್ಟೇ. ಮೂರರಲ್ಲಿ ಒಂದು ಪಾಲೂ ಉಳಿದಿರಲಿಲ್ಲ. ಆಮೇಲೆ ಅದನ್ನು ಗಾಜಿನ ಕೌಂಟರಿನ ಮೇಲೆ ಇಟ್ಟು ಮೂಲೆ ಮುಟ್ಟಿದರು. ಅಲ್ಲಾಡಿತು. ಅವರ ಮುಖ ಬದಲಾಯಿತು. ತಕ್ಷಣ ಆಫ್ ಮಾಡಿ, ವೈರು ಕಿತ್ತು, ಅಡಿಯ ಸ್ಕ್ರೂ ಬಿಚ್ಚಿದರು. ಒಳಗೆ ಬ್ಯಾಟರಿ ಎಣ್ಣೆಯಿಂದ ಆಗತಾನೆ ಎತ್ತಿದ ಪೂರಿಯ ಹಾಗೆ ಉಬ್ಬಿ ಕೂತಿತ್ತು.

"ಇದನ್ನ ಎಷ್ಟು ದಿನದಿಂದ ಹಿಂಗೆ ಇಟ್ಕೊಂಡಿದ್ರಿ?"

ನಾನು ಹೆಮ್ಮೆಯಿಂದ ನೋಟ್‌ಬುಕ್ಕು ಮುಂದೆ ಮಾಡಿದೆ. ಅವರು ಓದಿ, ನನ್ನನ್ನೂ ನೋಡಿ, "ಉಬ್ಬಿರೋ ಬ್ಯಾಟರೀನ ಮೂರು ಸಲ ತುಂಬಿಸಿ ಖಾಲಿ ಮಾಡಿದ್ರಾ? ಬೆಂಕಿ ಹತ್ತಿದ್ರೆ ಏನಮ್ಮ ಮಾಡ್ತಿದ್ರಿ? ಉಬ್ಬಿದ್ದು ಕಂಡ್ರೆ ಟೆಸ್ಟು ಗಿಸ್ಟು ಏನೂ ಇಲ್ಲ, ಮುಟ್ಟಬಾರದು, ಚಾರ್ಜಿಗೆ ಹಾಕಬಾರದು, ತಂದ್ಬಿಡಬೇಕು" ಎಂದು ಅದನ್ನು ಮೆಲ್ಲಗೆ ಎತ್ತಿ ಮರಳಿನ ಬಕೆಟ್ಟಿಗೆ ಇಳಿಸಿದರು. ಹೊಸದು ಅವರ ಹತ್ತಿರ ಇರಲಿಲ್ಲ. ಬರಲು ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಎಂದರು.

ಮದ್ದೂರಿನ ಬಸ್ ಸ್ಟ್ಯಾಂಡಿಗೆ ಬಂದಾಗ ಗಂಟೆ ಎರಡಾಗಿತ್ತು. ನಾಲ್ಕಕ್ಕೆ ಲೀಲಾ ಪರದೆಯ ಮುಂದೆ ಕೂತು ಕಾಯುತ್ತಾಳೆ. ಯಾವ ಪರ್ಸೆಂಟೂ ಇಲ್ಲದ ಲ್ಯಾಪ್‌ಟಾಪು ಹೊತ್ತು ಇನ್ನೇನು ಮಾಡಲಿ ಎಂದು ನಿಂತಿದ್ದರೆ, ನನ್ನ ಕಿವಿಯ ಪಕ್ಕದಲ್ಲೇ ಕಂಡಕ್ಟರ್ "ಮಳವಳ್ಳಿ, ಮಳವಳ್ಳಿ, ಕೂತ್ಕಳವ್ರು ಬನ್ರೀ" ಎಂದು ಕೂಗಿದ. ಮಳವಳ್ಳಿ ಇಲ್ಲಿಂದ ಒಂದು ಗಂಟೆಯ ದಾರಿ ಕೂಡ ಅಲ್ಲ. ವಾರವಾರ ನೋಡುತ್ತಿದ್ದೇವಲ್ಲ ಎಂದು ನಾಲ್ಕು ವರ್ಷದಿಂದ ನಾನು ಆ ಬಸ್ಸು ಹತ್ತಿರಲಿಲ್ಲ.

ಕಿಟಕಿಯಲ್ಲಿ ಕೊಡೆ ಆಡಿಸಿ ಕರೆದ ಮೇಲೂ ಬಾಗಿಲು ತೆರೆಯಲು ಲೀಲಾಗೆ ಬಹಳ ಹೊತ್ತು ಹಿಡಿಯಿತು. ವಾಕರ್ ಊರಿಕೊಂಡು ಬಂದಳು. ಮೇಲೆ ರೇಷ್ಮೆ ಅಂಚಿನ ಶಾಲು, ಪೌಡರು, ಬೈತಲೆ. ಕೆಳಗೆ ಮಾಸಲು ನೈಟಿ, ಊದಿದ ಪಾದ. ನಾಲ್ಕು ವರ್ಷ ನಾನು ನೋಡಿದ್ದು ಎದೆಯಿಂದ ಮೇಲಿನ ಲೀಲಾಳನ್ನು. ಅವಳೂ ನೂರು ಪರ್ಸೆಂಟ್ ಎಂದೇ ತೋರಿಸುತ್ತಿದ್ದಳು.

"ಹೇಳ್ಬಾರದೇನೆ?" ಎಂದೆ, ತುಟಿ ದೊಡ್ಡದಾಗಿ ಮಾಡಿ.

"ಹೇಳಿದ್ರೆ ನೀನು ಮಂಡ್ಯದಿಂದ ನಂಗೆ ಎಕ್ಸರ್ಸೈಜ್ ಹೇಳ್ಕೊಡ್ತಿದ್ದೆ. ಹೂ ನೀಡ್ಸ್ ದಟ್? ಒಳಗೆ ಬಾ, ಕಾಫಿ ನೀನೇ ಮಾಡು" ಎಂದಳು.

ಮೂರು ಗಂಟೆ ಮಾತಾಡಿದೆವು. ಯಾವ ಸದ್ದೂ ಬಂದು ನಮ್ಮನ್ನು ನಿಲ್ಲಿಸಲಿಲ್ಲ. ಹಾಸ್ಟೆಲಿನ ಹುಳಿ ಗಂಜಿಯಿಂದ ಹಿಡಿದು ಅವಳ ಸೊಸೆಯ ಹೊಸ ಸ್ಕೂಟರಿನವರೆಗೆ ಎಲ್ಲ ಬಂತು. ಯಾವ ಒಂದು ಪ್ರಶ್ನೆಗಾಗಿ ನಾನು ವಾರವಿಡೀ ಒದ್ದಾಡಿದ್ದೆನೋ ಅದೊಂದನ್ನು ಕೇಳಲು ಮರೆತೆ. ಬೇಡವೆಂದರೂ ಆಟೋದಲ್ಲಿ ವಾಕರ್ ಸಮೇತ ಬಸ್ ಸ್ಟ್ಯಾಂಡಿಗೆ ಬಂದಳು.

ಹೊಸ ಬ್ಯಾಟರಿ ಹನ್ನೊಂದನೇ ದಿನಕ್ಕೆ ಬಂತು. ಲೀಲಾ ಒಂಬತ್ತನೇ ದಿನಕ್ಕೆ ಹೋಗಿಬಿಟ್ಟಿದ್ದಳು, ನಿದ್ದೆಯಲ್ಲೇ ಎಂದು ಸೊಸೆ ಹೇಳಿದಳು. ಬ್ಯಾಟರಿ ಚೆನ್ನಾಗಿದೆ. ಐದು ಗಂಟೆ ಹಿಡಿಯುತ್ತದೆ, ಮೇಜೂ ಅಲ್ಲಾಡುವುದಿಲ್ಲ. ಬಡಗಿಯ ಹತ್ತಿರ ಕ್ಷಮೆ ಕೇಳಿದೆ. ಶಾಂತಕುಮಾರಿಯ ವಿಳಾಸ ಹುಡುಕುತ್ತಿದ್ದೇನೆ, ಗೊತ್ತಿರುವವರು ಒಬ್ಬರೂ ಸಿಕ್ಕಿಲ್ಲ. ವಿಚಾರಿಸದೆ ಶಿಕ್ಷೆ ಕೊಟ್ಟವರು ಸಿಸ್ಟರ್ ಒಬ್ಬರೇ ಅಲ್ಲವಲ್ಲ. ಸಿಸ್ಟರದು ಮೂರೇ ಸಂಜೆ.

ಮಳವಳ್ಳಿಯಲ್ಲಿ ಆ ಸಂಜೆ ಬಸ್ಸು ಹೊರಡುವಾಗ ನನಗೆ ನೆನಪಾಯಿತು. ಕಿಟಕಿಯ ಗಾಜಿಗೆ ಮುಖ ಒತ್ತಿ "ಗಡಿಯಾರ, ಗಡಿಯಾರ ಯಾರೇ?" ಎಂದೆ. ನನ್ನ ಪಕ್ಕದ ಹೆಂಗಸು ತನ್ನ ವಾಚು ನೋಡಿ "ಆರೂ ಕಾಲು" ಎಂದಳು. ಲೀಲಾ ಕೆಳಗೆ ನಿಂತು ನನ್ನ ತುಟಿಯನ್ನೇ ನೋಡುತ್ತಿದ್ದಳು. ವಾಕರ್ ಬಿಟ್ಟು ಆಟೋಗೆ ಒರಗಿ, ಎಡಗೈ ಎತ್ತಿ, ಬಲಗೈಯ ಎರಡು ಬೆರಳಿನಿಂದ ಮಣಿಕಟ್ಟಿನ ಮೇಲೆ ಏನನ್ನೋ ಹಿಡಿದು ಅರ್ಧ ಸುತ್ತು ಮುಂದಕ್ಕೆ ತಿರುಗಿಸಿದಳು. ಆಮೇಲೆ ಆ ಬೆರಳಿನಿಂದ ತನ್ನ ಎದೆ ಮುಟ್ಟಿಕೊಂಡು, ಶಾಲಿನಲ್ಲಿ ಬಾಯಿ ಮುಚ್ಚಿ ನಗುತ್ತಾ ನಿಂತಳು. ಬಸ್ಸು ತಿರುಗಿತು.