ಮಾಸ್ಟರ್ ಹೊಲಿದ ಹಾಟ್ ಟಬ್ಬು

ಟೈಲರ್ ಮಾಸ್ಟರಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಒಂದೇ ಒಂದು: ಕುತ್ತಿಗೆಯವರೆಗೆ ಬಿಸಿನೀರು, ಅದರೊಳಗೆ ಒಂದು ಗಂಟೆ, ಅದೂ ಒಬ್ಬರೇ. ಮೆಷಿನ್ ಮೇಲೆ ಬಗ್ಗಿ ಬಗ್ಗಿ ಅವರ ಸೊಂಟ ಕೈಕೊಟ್ಟಿತ್ತು. ಏಳುವಾಗ "ಅಮ್ಮಾ" ಎನ್ನುತ್ತಿದ್ದರು, ಕೂರುವಾಗ "ಅಪ್ಪಾ" ಎನ್ನುತ್ತಿದ್ದರು. ಹೆತ್ತವರಿಬ್ಬರನ್ನೂ ಸಮನಾಗಿ ನೆನೆಯುವ ಇಂಥ ಮಗ ಎಲ್ಲೂ ಇಲ್ಲವೆಂದು ಗಿರಾಕಿಗಳು ಕೊಂಡಾಡುತ್ತಿದ್ದರು. (ಮಾಸ್ಟರ್ ಎಂಬ ಬಿರುದು ಗಿರಾಕಿಗಳು ಕೊಟ್ಟದ್ದು. ಮುಂದಿನ ಕೋಣೆಯ ಅಂಗಡಿ ದಾಟಿ ಮನೆಯೊಳಗೆ ಕಾಲಿಟ್ಟರೆ ಅದು ಚಲಾವಣೆಯಲ್ಲಿರಲಿಲ್ಲ.)

ಹೀಗಿರುವಾಗ ಮೊಬೈಲಿನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಗುಳುಗುಳು ಎನ್ನುವ ನೀರಿನಲ್ಲಿ ಯಾರೋ ಪುಣ್ಯಾತ್ಮ ಕಣ್ಣುಮುಚ್ಚಿ ಕುಳಿತಿದ್ದ. 'ಎಲ್ಲರ ಕೈಗೆಟುಕುವ ಹಾಟ್ ಟಬ್! ಗಾಳಿ ತುಂಬಿ, ನೀರು ತುಂಬಿ, ಸ್ವರ್ಗ ನೋಡಿ!'

"ಸ್ವರ್ಗ ನೋಡೋಕೆ ಅಷ್ಟು ಅವಸರ ಏನ್ರೀ?" ಎಂದಳು ಹೆಂಡತಿ.

"ಸೊಂಟಕ್ಕೆ ಕಣೇ. ಔಷಧಿ ಇದ್ದ ಹಾಗೆ."

"ಔಷಧಿ ಬಾಟ್ಲಿ ಒಳಗೆ ಯಾರಾದ್ರೂ ಇಳೀತಾರಾ?"

ಆದರೂ ಟಬ್ಬು ಬಂತು. ಮಾಸ್ಟರ್ ಹಜಾರದಲ್ಲೇ ಅದನ್ನು ಹಾಸಿ, ಕಾಲಿನ ಪಂಪು ತುಳಿದು ತುಳಿದು ಗಾಳಿ ತುಂಬಿ, ಟೇಪು ಹಿಡಿದು ಸುತ್ತಳತೆ ನೋಡಿ ಮೆಚ್ಚಿಕೊಂಡರು. ಆಮೇಲೆ ಬಚ್ಚಲಿಗೆ ಉರುಳಿಸಿಕೊಂಡು ಹೋದರೆ ಅದು ಬಾಗಿಲಲ್ಲಿ ಸಿಕ್ಕಿಕೊಂಡಿತು. ಊರವರ ಸೊಂಟವನ್ನೆಲ್ಲ ಅಳೆದ ಮಹಾನುಭಾವರು ಸ್ವಂತ ಮನೆಯ ಬಚ್ಚಲ ಬಾಗಿಲನ್ನು ಅಳೆದಿರಲಿಲ್ಲ. ಗಾಳಿ ಬಿಟ್ಟು, ಮಡಿಸಿ, ತಾರಸಿಗೆ ಹೊತ್ತು, ಮತ್ತೆ ಪಂಪು ತುಳಿಯಬೇಕಾಯಿತು. ಅಷ್ಟರಲ್ಲಿ ಸೊಂಟದ ಜೊತೆಗೆ ಮೊಣಕಾಲೂ ದೂರು ಹೇಳತೊಡಗಿತು.

ಟಬ್ಬು ತುಂಬುವಷ್ಟರಲ್ಲಿ ಮೇಲಿನ ಟ್ಯಾಂಕು ಖಾಲಿ. ನೀರು ಬಿಸಿಯಾಗಲು ಬೆಳಗಿನಿಂದ ಸಂಜೆ. ಹೀಟರ್ ಉರಿಯುವಾಗ ಇಸ್ತ್ರಿಪೆಟ್ಟಿಗೆ ಹಾಕುವಂತಿಲ್ಲ, ಹಾಕಿದರೆ ಇಡೀ ಮನೆಯ ಕರೆಂಟು ಹೋಗುತ್ತದೆ. ಮಾಸ್ಟರ್ ಎಲ್ಲವನ್ನೂ ಸಹಿಸಿಕೊಂಡರು. ಸಂಜೆ ನೀರಿನಿಂದ ಹಬೆ ಎದ್ದಾಗ ಹೆಗಲಿಗೆ ಟವೆಲ್ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಆಗಲೇ ಆಟೋದಿಂದ ಅತ್ತೆ ಇಳಿದರು. ಮಗಳು ಫೋನಿನಲ್ಲಿ ಟಬ್ಬಿನ ಸುದ್ದಿ ಹೇಳಿದ್ದೇ ತಡ, ಮಂಡಿನೋವು ಹೊತ್ತುಕೊಂಡು ಹೊರಟುಬಂದಿದ್ದರು.

"ಅಳಿಯಂದ್ರೇ," ಅತ್ತೆಯ ಕಣ್ಣಲ್ಲಿ ನೀರಾಡಿತು. "ನನ್ನ ಮಂಡಿಗೋಸ್ಕರ ಇಷ್ಟೆಲ್ಲ ಯಾಕೆ ಮಾಡೋಕೆ ಹೋದ್ರಿ?"

"ಅಯ್ಯೋ, ಅದಕ್ಕೇನತ್ತೆ," ಎಂದು ಯಾರೋ ಹೇಳಿದ್ದು ಮಾಸ್ಟರಿಗೆ ಕೇಳಿಸಿತು. ಹೇಳಿದ್ದು ಅವರದೇ ಬಾಯಿ.

ಅಲ್ಲಿಂದ ಟಬ್ಬು ಅತ್ತೆಯ ಸಿಂಹಾಸನವಾಯಿತು. ಅಮ್ಮನಿಗೆ ಜೊತೆಯಾಗಿ ಮಗಳು ಇಳಿದಳು, ಅಕ್ಕನಿಗೆ ಜೊತೆಯಾಗಿ ನಾದಿನಿ ಬಂದಿಳಿದಳು. ಮಾಸ್ಟರ್ ಹಿಟ್ಟಿನ ಜರಡಿಯಲ್ಲಿ ತರಗೆಲೆ ತೆಗೆದರು, ಫಿಲ್ಟರ್ ಉಜ್ಜಿದರು, ನೀರು ಕೆಡದಂತೆ ಪುಡಿ ಹಾಕಿದರು, ಕಾಫಿ ಹೊತ್ತು ಮೆಟ್ಟಿಲು ಹತ್ತಿದರು. ಎಲ್ಲರೂ ಎದ್ದುಹೋದ ಮೇಲೆ ಇಳಿಯೋಣವೆಂದರೆ ನೀರು ಆರಿರುತ್ತಿತ್ತು.

"ಇವತ್ತಾದ್ರೂ ನನ್ನ ಸರದಿ ಕಣೇ," ಎಂದು ಒಮ್ಮೆ ಬಾಯಿಬಿಟ್ಟರು.

"ಅಮ್ಮನ ಮಂಡಿ ಈಗ ತಾನೇ ಮಡಚೋಕೆ ಬರ್ತಿದೆ. ನಿಮ್ಮ ಸೊಂಟ ಎಲ್ಲಿಗೆ ಓಡಿಹೋಗುತ್ತೆ?"

ಅಂತೂ ಒಂದು ಭಾನುವಾರ ಹೆಂಗಸರೆಲ್ಲ ಪಕ್ಕದ ಬೀದಿಯ ನೆಂಟರ ಮನೆಗೆ ಹೋದರು. ಹೀಟರ್ ಮುಂಚೆಯೇ ಹಾಕಿಟ್ಟಿದ್ದ ಮಾಸ್ಟರ್, ಅವರು ತಿರುವು ದಾಟುವುದನ್ನು ಕಿಟಕಿಯಿಂದ ನೋಡಿ ಖಾತ್ರಿ ಮಾಡಿಕೊಂಡು ತಾರಸಿಗೆ ಓಡಿದರು. ಎದುರು ಮನೆಯ ಕಿಟಕಿಗಳಿಗೆ ಹೆದರಿ ಚಡ್ಡಿ ಬನಿಯನ್ ಸಮೇತ ಇಳಿದರು. ಬಿಸಿನೀರು ಸೊಂಟವನ್ನು ಮುಟ್ಟಿತು. ಒಳಗೆಲ್ಲೋ ಬಿಗಿದುಕೊಂಡಿದ್ದ ಗಂಟೊಂದು ಮೆಲ್ಲಗೆ ಸಡಿಲವಾಯಿತು. ಮಾಸ್ಟರಿಗೆ ನಿಜವಾಗಿಯೂ ಅಳು ಬಂತು. ಇಷ್ಟು ಸುಖ ತನಗೂ ಉಂಟೇ ಎಂದುಕೊಂಡು ಕಣ್ಣು ಮುಚ್ಚಿದರು.

ಮುಚ್ಚಿಕೊಂಡೇ ಇರಬಹುದಿತ್ತು. ಸುಮ್ಮನೆ ಒಮ್ಮೆ ತೆರೆದರು. ಟಬ್ಬಿನ ಅಂಚಿನಲ್ಲಿ ಒಂದು ಪಟ್ಟಿ ಬಿಟ್ಟುಕೊಂಡು ಸ್ವಲ್ಪ ಮೇಲೆದ್ದಿತ್ತು.

ಹೊಲಿಗೆ ಬಿಟ್ಟದ್ದನ್ನು ಕಂಡರೆ ಮಾಸ್ಟರಿಗೆ ತಡೆಯುವುದಿಲ್ಲ. ಬಸ್ಸಿನಲ್ಲಿ ಅಪರಿಚಿತರ ತೋಳು ಹಿಡಿದು ಗುಂಡಿ ಬಿಗಿದುಕೊಟ್ಟವರು ಅವರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಆ ಪಟ್ಟಿ ಕಣ್ಣಿಗೆ ಚುಚ್ಚುತ್ತಲೇ ಇತ್ತು. ಕೈ ತಾನಾಗಿ ಬನಿಯನ್ನಿನ ಕುತ್ತಿಗೆಗೆ ಹೋಯಿತು. ದಾರ ಪೋಣಿಸಿದ ಸೂಜಿ ಎಂದಿನಂತೆ ಅಲ್ಲೇ ಸಿಕ್ಕಿಸಿತ್ತು. ಬಿಸಿನೀರಿನಲ್ಲಿ ಕುಳಿತೇ, ಎರಡು ಪದರ ಸೇರಿಸಿ ಹಿಡಿದು, ಆಳವಾಗಿ, ಬಿಗಿಯಾಗಿ, ಒಂದೇ ಅಳತೆಯಲ್ಲಿ ಹೊಲಿದು ಹಲ್ಲಿನಿಂದ ದಾರ ಕಡಿದರು. ತಲೆ ಹಿಂದಕ್ಕೆ ಹಾಕಿ ಕೆಲಸದ ಅಂದ ನೋಡಿದರು.

ಟಬ್ಬು ನಿಟ್ಟುಸಿರು ಬಿಟ್ಟಿತು.

ಮೊದಲು ಅವರಿಗೆ ಅದು ತಮ್ಮದೇ ನಿಟ್ಟುಸಿರು ಎನ್ನಿಸಿತು. ಆಮೇಲೆ ನೋಡಿದರೆ ಸೂಜಿ ಹೋದಲ್ಲೆಲ್ಲ ಗಾಳಿ ಸುಯ್ಯೆನ್ನುತ್ತಿತ್ತು. ಬೆರಳಿಂದ ಒತ್ತಿದರು, ಸಾಲಲಿಲ್ಲ. ಬೆನ್ನು ಕೊಟ್ಟು ಒತ್ತಿದರು. ಆ ಕಡೆಯ ಗೋಡೆ ಮಲಗಿಬಿಟ್ಟಿತು. ನೀರೂ ಮಾಸ್ಟರೂ ಒಟ್ಟಿಗೆ ಹೊರಟರು. ಮಾಸ್ಟರ್ ಜಾರಿಹೋಗಿ ತಾರಸಿಯ ಬಾಗಿಲಲ್ಲಿ ಅಡ್ಡಬಿದ್ದು ನಿಂತರು, ನೀರು ನಿಲ್ಲಲಿಲ್ಲ. ಅದು ಮೆಟ್ಟಿಲಿಳಿದು, ನೆಂಟರ ಮನೆಗೆ ಬೀಗ ಕಂಡು ಹಿಂದಿರುಗಿ ಹತ್ತಿಬರುತ್ತಿದ್ದ ಹೆಂಡತಿ, ನಾದಿನಿ, ಅತ್ತೆಯವರನ್ನು ಕ್ರಮವಾಗಿ ನೆನೆಸಿ ಮುಂದೆ ಸಾಗಿತು.

"ಏನ್ರೀ ಇದು?"

"ಪಟ್ಟಿ ಬಿಟ್ಟಿತ್ತು ಕಣೇ," ಮಾಸ್ಟರ್ ಮಲಗಿದಲ್ಲಿಂದಲೇ ಅಂದರು.

"ಅದಕ್ಕೆ?"

"ಹೊಲಿದೆ."

"ಗಾಳಿ ತುಂಬಿದ್ದಕ್ಕೆ ಸೂಜಿ ಹಾಕಿದ್ರಾ!" ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು.

ಅತ್ತೆ ಮಾತ್ರ ಕನ್ನಡಕ ಒರೆಸಿ ಏರಿಸಿಕೊಂಡು, ಬಿದ್ದ ಟಬ್ಬಿನ ಅಂಚನ್ನು ಎತ್ತಿ ನೋಡಿದರು. "ಹೊಲಿಗೆ ಚೆನ್ನಾಗಿದೆ ಅಳಿಯಂದ್ರೇ. ಒಂದು ಎಳೇನೂ ಬಿಟ್ಟಿಲ್ಲ. ಪ್ಲಾಸ್ಟಿಕ್ಕೂ ಗಟ್ಟಿ ಇದೆ. ಎಸೀಬೇಡಿ, ಒಳ್ಳೇ ಚೀಲಗಳಾಗುತ್ತೆ."

ಈಗ ಮಾಸ್ಟರ್ ಅಂಗಡಿ ಮುಚ್ಚಿದ ಮೇಲೂ ಮೆಷಿನ್ ಮೇಲೆ ಬಗ್ಗಿರುತ್ತಾರೆ. ಆ ದಪ್ಪ ಹಾಳೆಗೆ ಸೂಜಿಗಳು ಪಟಪಟ ಮುರಿಯುತ್ತವೆ. ಅತ್ತೆಗೆ, ನಾದಿನಿಗೆ, ಬೀಗ ಹಾಕಿಕೊಂಡು ಹೋಗಿದ್ದ ನೆಂಟರಿಗೂ ಚೀಲ ಬೇಕು. ಅತ್ತೆ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಳಿಬಿಟ್ಟು ಉಸ್ತುವಾರಿ ನೋಡುತ್ತಾರೆ.

"ಅಳಿಯಂದ್ರೇ, ಟಬ್ಬು ಹೋಯ್ತು ಅಂತ ಕೊರಗಬೇಡಿ. ನನಗೆ ಈ ಬಕೆಟ್ಟೇ ಸಾಕು," ಎಂದರು ಒಂದು ಸಂಜೆ. "ನೀರು ಸ್ವಲ್ಪ ಆರಿದ ಹಾಗಿದೆ, ನೋಡಿ."

ಮಾಸ್ಟರ್ ಸೊಂಟ ಹಿಡಿದುಕೊಂಡು ಎದ್ದು, ನೀರು ಕಾಯಿಸಲು ಹೋದರು.